ಹೂ ಬಿಡುವ ಮೊದಲೇ ಮರವನ್ನು ಆರಿಸಬಹುದೇ?

ಮರಗಳ ತಳಿ ಅಭಿವೃದ್ಧಿಯಲ್ಲಿ ‘ಜೀನೋಮ್ ಆಧಾರಿತ ಆಯ್ಕೆ’ಯನ್ನು, ಎಂದರೆ ಡಿಎನ್‌ಎ ಓದಿ ಸಸಿಯಲ್ಲೇ ಮರವನ್ನು ಆರಿಸುವುದನ್ನು, ಕುರಿತು ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು. ಅದು ಕೈಗೆ ಸಿಕ್ಕರೆ ಉಳಿದವು ಸಲೀಸು.

ಪ್ರಶ್ನೆ: ನಾನು ಅರಣ್ಯಶಾಸ್ತ್ರದ ವಿದ್ಯಾರ್ಥಿ. ಮರದ ಗುಣ ತಿಳಿಯಬೇಕಾದರೆ ಅದು ಬೆಳೆಯುವವರೆಗೆ ಕಾಯಬೇಕು ಎಂದೇ ನಾವು ಕಲಿತದ್ದು. ಈಗ ಎರಡು ತಿಂಗಳ ಸಸಿಯ ಎಲೆ ಚೂರಿನಿಂದ ಅದರ ಮುಂದಿನ ಗಾತ್ರ ಹೇಳಬಹುದು ಎನ್ನುತ್ತಿದ್ದಾರೆ. ಇದು ಕಣಿ ಹೇಳಿದಂತಲ್ಲವೇ?

ಉತ್ತರ: ಕಣಿ ಹೇಳುವವರು ತಾವು ಹಿಂದೆ ಹೇಳಿದ್ದರಲ್ಲಿ ಎಷ್ಟು ನಿಜವಾಯಿತು ಎಂದು ಲೆಕ್ಕ ಇಡುವುದಿಲ್ಲ. ನಾವು ಇಡಲೇಬೇಕು.

ಹಳೆಯ ದಾರಿ ನಿಮಗೆ ಗೊತ್ತೇ ಇದೆ. ಒಳ್ಳೆಯ ಮರಗಳನ್ನು ಸಂಕರ ಮಾಡಿ, ಬಂದ ಬೀಜದಿಂದ ಸಸಿ ಎಬ್ಬಿಸಿ, ನಾಲ್ಕಾರು ಕಡೆ ಪರೀಕ್ಷಾ ತೋಪು ಹಾಕುತ್ತೇವೆ. ಪೈನ್ ಆದರೆ ಆರೆಂಟು ವರ್ಷ ಕಾದು ಎತ್ತರ, ಎದೆಮಟ್ಟದ ಸುತ್ತಳತೆ ಅಳೆಯುತ್ತೇವೆ. ಚೆನ್ನಾಗಿ ಬಂದವುಗಳಿಂದ ಮುಂದಿನ ಪೀಳಿಗೆ. ಹೊಸ ದಾರಿಯಲ್ಲೂ ಈ ತೋಪು ಇರುತ್ತದೆ, ಅಳತೆ ಪಟ್ಟಿಯೂ ಇರುತ್ತದೆ. ಅಳೆದ ಪ್ರತಿ ಮರದ ಡಿಎನ್‌ಎಯಲ್ಲಿ ಸಾವಿರಾರು ಗೊತ್ತಾದ ಜಾಗಗಳಲ್ಲಿ ಯಾವ ಅಕ್ಷರ ಇದೆ ಎಂದು ಓದಿಕೊಳ್ಳುವುದೊಂದು ಹೆಚ್ಚಿನ ಕೆಲಸ. ಆಮೇಲೆ ಗಣಕಯಂತ್ರ ಅಕ್ಷರಗಳನ್ನೂ ಅಳತೆಗಳನ್ನೂ ಎದುರುಬದುರು ಇಟ್ಟು, ಒಂದೊಂದು ಜಾಗಕ್ಕೂ ಇಷ್ಟಿಷ್ಟು ಪಾಲು ಎಂದು ತೂಕ ಹಾಕುತ್ತದೆ. ಈ ತೂಕದ ಪಟ್ಟಿಗೆ ‘ಮಾದರಿ’ ಎಂದು ಹೆಸರು. ನಾಳೆ ಮೊಳೆತ ಸಸಿಯ ಅಕ್ಷರಗಳನ್ನು ಓದಿ, ಪಟ್ಟಿಯಂತೆ ಕೂಡಿದರೆ ಅದರ ಅಂದಾಜು ಅಂಕ ಸಿಗುತ್ತದೆ.

ಇದಕ್ಕೂ ಮೊದಲು ನಮ್ಮವರು ಒಂದು ಅಡ್ಡದಾರಿ ಹಿಡಿದಿದ್ದರು. ಎತ್ತರಕ್ಕೆ ಕಾರಣವಾದ ನಾಲ್ಕೈದು ದೊಡ್ಡ ವಂಶವಾಹಿಗಳನ್ನು ಹಿಡಿದರೆ ಸಾಕು ಎಂಬ ಆಸೆ ಅದು. ಎತ್ತರ ಅಂಥ ಗುಣವಲ್ಲ. ಲೆಕ್ಕವಿಲ್ಲದಷ್ಟು ವಂಶವಾಹಿಗಳು ಚಿಟಿಕೆ ಚಿಟಿಕೆ ಹಾಕಿ ಆಗುವಂಥದ್ದು. ಒಂದು ಕುಟುಂಬದಲ್ಲಿ ಸಿಕ್ಕ ಗುರುತು (ಡಿಎನ್‌ಎಯಲ್ಲಿ ನಾವು ಓದುವ ಜಾಗ) ಇನ್ನೊಂದರಲ್ಲಿ ಕೈಕೊಡುತ್ತಿತ್ತು. 2001ರಲ್ಲಿ ಮ್ಯೂವಿಸೆನ್, ಹೇಯ್ಸ್ ಮತ್ತು ಗೊಡ್ಡಾರ್ಡ್ ಎಂಬ ಮೂವರು ಪಶುತಳಿ ವಿಜ್ಞಾನಿಗಳು ಬೇರೆಯೇ ಮಾತು ಹೇಳಿದರು: ಮುಖ್ಯವಾದದ್ದು ಯಾವುದು ಎಂದು ಹುಡುಕುತ್ತಾ ಕೂರಬೇಡಿ, ಎಲ್ಲ ಗುರುತುಗಳನ್ನೂ ಒಟ್ಟಿಗೆ ಲೆಕ್ಕಕ್ಕೆ ಹಿಡಿಯಿರಿ. ಮೊದಲು ಲಾಭ ಕಂಡವರು ಹೈನುಗಾರಿಕೆಯವರು. ಹೋರಿ ಹಾಲು ಕೊಡುವುದಿಲ್ಲ. ಅದರ ಯೋಗ್ಯತೆ ತಿಳಿಯಲು ಅದರ ಹೆಣ್ಣು ಕರುಗಳು ಬೆಳೆದು, ಈದು, ಹಾಲು ಕರೆಯುವವರೆಗೆ ಕಾಯಬೇಕಿತ್ತು. 2009ರ ಹೊತ್ತಿಗೆ ಅಮೆರಿಕದಲ್ಲಿ ಹೋಲ್‌ಸ್ಟೀನ್ ಹೋರಿಗಳಿಗೆ ಡಿಎನ್‌ಎ ಆಧಾರದ ಅಂಕ ಅಧಿಕೃತವಾಗಿ ಬಂತು. ಕಾಯುವ ಸರದಿಯಲ್ಲಿ ಅವರಿಗಿಂತ ಹಿಂದೆ ನಿಂತವರು ನಾವು, ಮರದವರು.

ಒಂದು ಸೂಕ್ಷ್ಮವನ್ನು ಹತ್ತಿರದಿಂದ ನೋಡಿ. ಒಂದೇ ತಂದೆ, ಒಂದೇ ತಾಯಿಯ ನೂರು ಸಸಿಗಳು ಟ್ರೇಯಲ್ಲಿವೆ. ವಂಶಾವಳಿಯನ್ನಷ್ಟೇ ನಂಬಿದರೆ ನೂರಕ್ಕೂ ಒಂದೇ ಅಂಕ: ಅಪ್ಪ ಅಮ್ಮನ ಸರಾಸರಿ. ಆದರೆ ಒಡಹುಟ್ಟಿದವರೆಲ್ಲ ಒಂದೇ ಅಲ್ಲ ಎನ್ನುವುದು ಮನೆಮನೆಗೂ ಗೊತ್ತು. ಮುಂದಿನ ಪೀಳಿಗೆಗೆ ದಾಟಬಲ್ಲ ವ್ಯತ್ಯಾಸದಲ್ಲಿ ಅರ್ಧದಷ್ಟು ಹೀಗೆ ಒಂದೇ ಕುಟುಂಬದೊಳಗೇ ಅಡಗಿರುತ್ತದೆ. ಟ್ರೇಯಲ್ಲಿರುವಾಗಲೇ ಆ ಅರ್ಧಕ್ಕೆ ಕೈ ಹಾಕಲು ಬಿಡುವುದು ಡಿಎನ್‌ಎ ಗುರುತುಗಳು. ನನ್ನ ಮಟ್ಟಿಗೆ ಈ ವಿಧಾನದ ಜೀವಾಳ ಇದು.

ಫಲಿತಾಂಶ ಹೇಗಿದೆ ಎಂದರೆ, 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳುತ್ತೇನೆ. ಅಮೆರಿಕದ ಆಗ್ನೇಯ ಭಾಗದ ನಾಲ್ಕು ಕಡೆ ನೆಟ್ಟ ಲಾಬ್ಲೊಲಿ ಪೈನ್‌ನ ಸುಮಾರು 800 ತದ್ರೂಪಿಗಳು (ಬೀಜದಿಂದಲ್ಲ, ಕಡ್ಡಿಯಿಂದ ಬೆಳೆಸಿದವು), 4825 ಗುರುತುಗಳು. ಎತ್ತರ ಮತ್ತು ದಪ್ಪಕ್ಕೆ ಬಂದ ನಿಖರತೆ 0.63ರಿಂದ 0.75. ಇದನ್ನು ‘ನೂರರಲ್ಲಿ ಎಪ್ಪತ್ತು ಸರಿ’ ಎಂದು ಓದುವವರೇ ಹೆಚ್ಚು. ಹಾಗಲ್ಲ. ಅಂದಾಜು ಅಂಕ ಮತ್ತು ಮರದ ನಿಜವಾದ ತಳಿಮೌಲ್ಯ (ಅದು ತನ್ನ ಮರಿಗಳಿಗೆ ದಾಟಿಸಬಲ್ಲ ಯೋಗ್ಯತೆ) ಎಷ್ಟರಮಟ್ಟಿಗೆ ಜೊತೆಜೊತೆಯಾಗಿ ಏರಿಳಿಯುತ್ತವೆ ಎಂಬುದರ ಅಳತೆ ಅದು. 1 ಎಂದರೆ ಪೂರ್ತಿ ಹೊಂದಿಕೆ, 0 ಎಂದರೆ ಸಂಬಂಧವೇ ಇಲ್ಲ.

ಪ್ರಶ್ನೆ: ನಿಜಕ್ಕೂ ಎಷ್ಟು ವರ್ಷ ಉಳಿಯುತ್ತದೆ? ನಿಖರತೆ ಕಡಿಮೆಯಾದರೂ ಲಾಭ ಹೇಗೆ?

ಉತ್ತರ: ಲೆಕ್ಕ ಸರಳ. ವರ್ಷವೊಂದಕ್ಕೆ ಸಿಗುವ ಪ್ರಗತಿ ಎಂದರೆ ಆಯ್ಕೆಯ ಬಿಗಿ (ಎಷ್ಟರಲ್ಲಿ ಎಷ್ಟನ್ನು ಮಾತ್ರ ಉಳಿಸಿಕೊಳ್ಳುತ್ತೇವೆ ಎಂಬುದು), ನಿಖರತೆ, ಗುಣದಲ್ಲಿರುವ ವ್ಯತ್ಯಾಸ, ಈ ಮೂರರ ಗುಣಲಬ್ಧವನ್ನು ಪೀಳಿಗೆಯ ವರ್ಷಗಳಿಂದ ಭಾಗಿಸಿದ್ದು. ಬೇರೆಲ್ಲ ಸಮ ಎಂದುಕೊಂಡು ಒಂದು ಕಲ್ಪಿತ ಉದಾಹರಣೆ ನೋಡೋಣ. ತೋಪಿನ ಪರೀಕ್ಷೆಯ ನಿಖರತೆ 0.7, ಒಂದು ಸುತ್ತಿಗೆ 16 ವರ್ಷ: ವರ್ಷಕ್ಕೆ 0.044. ಡಿಎನ್‌ಎ ನಿಖರತೆ 0.5, ಸುತ್ತು 8 ವರ್ಷ: ವರ್ಷಕ್ಕೆ 0.0625. ಕಡಿಮೆ ನಿಖರತೆಯಲ್ಲೂ ಶೇಕಡ 40ಕ್ಕಿಂತ ಹೆಚ್ಚು ಮುಂದೆ.

ಈಗ ಅದೇ 0.5 ಇಟ್ಟುಕೊಂಡು ಸುತ್ತನ್ನು 13 ವರ್ಷ ಮಾಡಿ ನೋಡಿ: 0.038. ಹಳೆಯ ದಾರಿಗಿಂತ ಹಿಂದೆ! ಮಾರಾಟದ ಕರಪತ್ರಗಳು ಈ ಎರಡನೆಯ ಲೆಕ್ಕವನ್ನು ತೋರಿಸುವುದಿಲ್ಲ. ಸಸಿಯನ್ನು ಎರಡು ತಿಂಗಳಿಗೇ ಆರಿಸಿದಿರಿ, ಸರಿ. ಅದು ಹೂ ಬಿಡಬೇಕಲ್ಲ? ನಾರ್ವೆ ಸ್ಪ್ರೂಸ್ ಎರಡು ದಶಕ ಕಳೆದರೂ ಶಂಕು (ಇಂಥ ಮರಗಳಲ್ಲಿ ಹೂವಿನ ಜಾಗದಲ್ಲಿರುವ, ಬೀಜ ಕಟ್ಟುವ ಭಾಗ) ತೋರದೆ ನಿಂತಿರಬಹುದು. ಪೈನ್ ಶಂಕುಗಳಂತೂ ಯಾವ ಯಂತ್ರಕ್ಕೂ ಜಗ್ಗುವುದಿಲ್ಲ: ಈ ವಸಂತದಲ್ಲಿ ಪರಾಗ ಬಿದ್ದರೆ ಗರ್ಭಾಂಕುರಕ್ಕೆ ಸುಮಾರು ಒಂದು ವರ್ಷ, ಬೀಜ ಬಲಿಯುವುದು ಮುಂದಿನ ವರ್ಷದ ಶರತ್ಕಾಲಕ್ಕೆ. ಆದ್ದರಿಂದ ಹೂ ತರಿಸುವ ಉಪಾಯ ಕೈಯಲ್ಲಿರಬೇಕು. ಸಸಿಯ ಕುಡಿಯನ್ನು ಬಲಿತ ಮರದ ನೆತ್ತಿಗೆ ಕಸಿ ಕಟ್ಟುವುದು, ಶಂಕುಧಾರಿಗಳಿಗೆ ಜಿಬ್ಬರೆಲಿನ್ ಎಂಬ ಸಸ್ಯ ಹಾರ್ಮೋನ್ ಕೊಡುವುದು, ನೀಲಗಿರಿಗೆ ಪ್ಯಾಕ್ಲೊಬ್ಯೂಟ್ರಜಾಲ್ ಎಂಬ ಬೆಳವಣಿಗೆ ತಡೆಯುವ ರಾಸಾಯನಿಕ ಹಾಕುವುದು, ಇವೆಲ್ಲ ಬಳಕೆಯಲ್ಲಿರುವ ದಾರಿಗಳು. ಇವು ನಿಮ್ಮ ಮರಕ್ಕೆ ಒಗ್ಗದಿದ್ದರೆ ಡಿಎನ್‌ಎಗೆ ಹಣ ಸುರಿಯುವ ಮೊದಲು ಹೂವಿನ ಮೇಲೆ ಕೆಲಸ ಮಾಡಿ.

ಬೀಜಕ್ಕೆ ಬದಲು ತದ್ರೂಪಿಗಳನ್ನೇ ನೆಡುವ ಕಡೆ ಇನ್ನೊಂದು ಅನುಕೂಲ ಇದೆ. ಎಳೆಯ ಸಸಿಯ ಕಡ್ಡಿ ಸುಲಭವಾಗಿ ಬೇರು ಬಿಡುತ್ತದೆ, ಮುದಿ ಮರದ್ದು ಹಟ ಮಾಡುತ್ತದೆ. ತೋಪಿನಲ್ಲಿ ಮರ ಗೆಲ್ಲುವ ಹೊತ್ತಿಗೆ ಅದರ ಬೇರು ಬಿಡುವ ವಯಸ್ಸು ಕಳೆದಿರುತ್ತದೆ. ಸಸಿಯಲ್ಲೇ ಆರಿಸಿದರೆ ಆ ಜಗಳವಿಲ್ಲ.

ಪ್ರಶ್ನೆ: ನಾವು ಬೆಳೆಸುವ ಜಾತಿಗೇ ಬೇರೊಂದು ಸಂಸ್ಥೆ ಮಾದರಿ ಸಿದ್ಧಪಡಿಸಿದೆ. ಅದನ್ನೇ ಎರವಲು ತಂದರೆ ತೋಪಿನ ಖರ್ಚು ಉಳಿಯುವುದಿಲ್ಲವೇ?

ಉತ್ತರ: ಉಳಿಯುತ್ತದೆ, ಆದರೆ ಅಂಕಗಳು ನಿಮ್ಮ ಮರಗಳದ್ದಾಗಿರುವುದಿಲ್ಲ. ನಾವು ಓದುವ ಗುರುತು ಸಾಮಾನ್ಯವಾಗಿ ಗುಣಕ್ಕೆ ಕಾರಣವಾದ ಜಾಗವೇ ಅಲ್ಲ, ಅದರ ನೆರೆಮನೆ. ಯಾವ ನೆರೆಯ ಪಕ್ಕದಲ್ಲಿ ಯಾವ ಕಾರಣ ಕೂತಿದೆ ಎಂಬುದು ವಂಶದಿಂದ ವಂಶಕ್ಕೆ ಬದಲಾಗುತ್ತದೆ. ಅನ್ಯಪರಾಗದಿಂದ ಬೆಳೆದ ಕಾಡುಮರಗಳಲ್ಲಿ ಈ ನಂಟು ಬಹಳ ಬೇಗ ಸಡಿಲವಾಗುತ್ತದೆ. ಜೊತೆಗೆ ಮಾದರಿಯ ನಿಖರತೆಯ ದೊಡ್ಡ ಪಾಲು ಬರುವುದೇ ಅದು ಬಂಧುತ್ವವನ್ನು ಗುರುತಿಸುವುದರಿಂದ. ಬಂಧುಗಳಲ್ಲದವರ ಬಗ್ಗೆ ಅದಕ್ಕೆ ಹೇಳಲು ಹೆಚ್ಚೇನೂ ಇರುವುದಿಲ್ಲ. 2012ರಲ್ಲೇ ನೀಲಗಿರಿಯ ಎರಡು ಬೇರೆ ಬೇರೆ ತಳಿ ಸಮೂಹಗಳ ಮೇಲೆ ನಡೆದ ಅಧ್ಯಯನದಲ್ಲಿ, ತಮ್ಮ ತಮ್ಮ ಸಮೂಹದೊಳಗೆ 0.55ರಿಂದ 0.88ರಷ್ಟು ನಿಖರವಾಗಿದ್ದ ಮಾದರಿಗಳು ಒಂದರದ್ದು ಇನ್ನೊಂದಕ್ಕೆ ಕೆಲಸಕ್ಕೆ ಬರಲಿಲ್ಲ. ಮಾದರಿ ನಿಮ್ಮದೇ ಮರಗಳಿಂದ, ನೀವು ನೆಡುವ ನೆಲದಂಥ ನೆಲದಲ್ಲೇ ತಯಾರಾಗಬೇಕು.

ಪ್ರಶ್ನೆ: ಹೀಗೆ ಆರಿಸಿದ ಮರಗಳು ಕುಲಾಂತರಿಗಳೇ?

ಉತ್ತರ: ಅಲ್ಲ. ಎಲೆಯ ಡಿಎನ್‌ಎಯನ್ನು ಓದುತ್ತೇವೆ, ತಿದ್ದುವುದಿಲ್ಲ. ಹೊರಗಿನಿಂದ ಏನನ್ನೂ ಸೇರಿಸುವುದಿಲ್ಲ.

ಪ್ರಶ್ನೆ: ಸಂಕರ ಮಾಡಿದ ಕುಟುಂಬಗಳ 12 ವರ್ಷದ ತೋಪು ನಮ್ಮಲ್ಲಿದೆ. ಪ್ರತಿ ವರ್ಷ ಅಳತೆ ಬರೆದಿಟ್ಟಿದ್ದೇವೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ಅಳತೆ ಪುಸ್ತಕದಿಂದ. ಹೊಸದಾಗಿ ಶುರು ಮಾಡುವವರಿಗೆ ಹಣ ಕೊಟ್ಟರೂ ಸಿಗದ 12 ವರ್ಷ ನಿಮ್ಮ ಕೈಯಲ್ಲಿದೆ. ಎಳೆ ವಯಸ್ಸಿನ ಅಳತೆಗೆ ಮರುಳಾಗಬೇಡಿ. ಮೇಲೆ ಹೇಳಿದ ಪೈನ್ ಅಧ್ಯಯನದಲ್ಲೂ ಮೊದಮೊದಲ ವರ್ಷಗಳ ಅಳತೆಯಿಂದ ಕಟ್ಟಿದ ಮಾದರಿ ಆರನೆಯ ವರ್ಷದ ಗಾತ್ರವನ್ನು ಸರಿಯಾಗಿ ಹೇಳಲಿಲ್ಲ. ತಡವಾದ ಅಳತೆಗಳೇ ಇರಲಿ. ಸಾವಿರದ ಆಸುಪಾಸು ಮರ ಸಿಕ್ಕರೆ ಒಳ್ಳೆಯ ಆರಂಭ. ಕೊಂಬೆ ಎಟುಕದಿದ್ದರೆ ತೊಗಟೆಯ ಮೇಲೆ ಕೊರೆಯುಳಿ ಇಟ್ಟು ಬಡಿದು, ಒಳಪದರದ ಬಿಲ್ಲೆಯೊಂದನ್ನು ತೆಗೆದರೂ ಡಿಎನ್‌ಎ ಸಿಗುತ್ತದೆ. ಪೂರ್ತಿ ಜೀನೋಮ್ ಓದಿಸಬೇಕಾಗಿಲ್ಲ. ನೀಲಗಿರಿಯದ್ದು ಸುಮಾರು 64 ಕೋಟಿ ಅಕ್ಷರ, ಲಾಬ್ಲೊಲಿ ಪೈನ್‌ನದು ಸುಮಾರು 2200 ಕೋಟಿ, ಎಂದರೆ ಮನುಷ್ಯನ ಏಳು ಪಟ್ಟು. ಅದನ್ನೆಲ್ಲ ಮರಮರಕ್ಕೂ ಓದುವುದು ದುಂದು. ಗೊತ್ತಾದ ಜಾಗಗಳನ್ನಷ್ಟೇ ನೋಡುವ ಚಿಪ್‌ಗಳು ಸಾಕು.

ನನ್ನ ಎಚ್ಚರಿಕೆ ಇರುವುದು ಚೀಟಿ ಅಂಟಿಸುವ ಕೆಲಸದ ಬಗ್ಗೆ. ಎಲೆಯ ಬಿಲ್ಲೆಗಳನ್ನು ಹಾಕುವ ತಟ್ಟೆಯಲ್ಲಿ ಎಂಟು ಸಾಲು, ಹನ್ನೆರಡು ಕಂಬ, ಒಟ್ಟು 96 ಗುಳಿ. ಒಮ್ಮೆ ನಾವು ತುಂಬಿದ ತಟ್ಟೆಯೊಂದು ಪ್ರಯೋಗಾಲಯದಲ್ಲಿ ತಲೆಕೆಳಗಾಗಿ ಮೇಜಿಗೇರಿತು. ಮೊದಲ ಗುಳಿ ಕೊನೆಯದಾಯಿತು, ಕೊನೆಯದು ಮೊದಲಾಯಿತು. ಫಲಿತಾಂಶ ಬಂದಾಗ ಒಡಹುಟ್ಟಿದ ಮರಗಳು ಅಪರಿಚಿತರಾಗಿದ್ದವು, ಅಪರಿಚಿತರು ಅಣ್ಣತಮ್ಮಂದಿರಾಗಿದ್ದವು. ಬಂಧುತ್ವದ ಕೋಷ್ಟಕ ತೆಗೆದು ನೋಡದೇ ಇದ್ದಿದ್ದರೆ ಆ ಕಸವನ್ನೇ ಮಾದರಿಗೆ ಉಣಿಸುತ್ತಿದ್ದೆವು. ಅಂದಿನಿಂದ ಪ್ರತಿ ತಟ್ಟೆಯಲ್ಲೂ ಬೇರೆ ಬೇರೆ ಜಾಗದಲ್ಲಿ ಒಂದು ಗುಳಿಯನ್ನು ಬೇಕೆಂದೇ ಖಾಲಿ ಬಿಡುತ್ತೇವೆ, ಒಂದೇ ಮರದ ಎಲೆಯನ್ನು ಎರಡು ತಟ್ಟೆಗಳಲ್ಲಿ ಹಾಕುತ್ತೇವೆ. ನೀವೂ ಹಾಗೆ ಮಾಡಿ. ಅದೇ ಕೋಷ್ಟಕದಲ್ಲಿ ನಿಮ್ಮ ವಂಶಾವಳಿಯ ತಪ್ಪುಗಳೂ ಬಯಲಾಗುತ್ತವೆ. ಚೀಲ ಕಟ್ಟಿ ಮಾಡಿದ ಸಂಕರದಲ್ಲೂ ಗಾಳಿಯ ಪರಾಗ ನುಸುಳಿದ್ದು ಕಂಡರೆ ಬೇಸರ ಪಟ್ಟುಕೊಳ್ಳಬೇಡಿ, ಅದು ಎಲ್ಲರಿಗೂ ಆಗುವುದೇ.

ಪ್ರಶ್ನೆ: ಮಾದರಿ ಒಮ್ಮೆ ಸಿದ್ಧವಾದ ಮೇಲೆ ಪರೀಕ್ಷಾ ತೋಪುಗಳನ್ನು ನಿಲ್ಲಿಸಬಹುದೇ? ನಮ್ಮ ಆಡಳಿತದವರು ಅದನ್ನೇ ಕೇಳುತ್ತಿದ್ದಾರೆ.

ಉತ್ತರ: ನಿಲ್ಲಿಸಬಾರದು. ಪ್ರತಿ ಪೀಳಿಗೆಯಲ್ಲೂ ವರ್ಣತಂತುಗಳು ತುಂಡಾಗಿ ಮರುಜೋಡಣೆಯಾಗುತ್ತವೆ, ಹೊಸ ಮರಗಳು ಮೊದಲಿನ ತೋಪಿನಿಂದ ಬಂಧುತ್ವದಲ್ಲಿ ದೂರ ಸರಿಯುತ್ತವೆ, ನಿಖರತೆ ಇಳಿಯುತ್ತಾ ಹೋಗುತ್ತದೆ. ಹೊಸ ಅಳತೆ ಕೊಡದಿದ್ದರೆ ಮಾದರಿ ಹಳೆಯ ಕಾಡಿನ ಮಾತನ್ನೇ ಆಡುತ್ತಿರುತ್ತದೆ. ಬೇಗ ಬೇಗ ಸುತ್ತು ಮುಗಿಸುವ ಆತುರದಲ್ಲಿ ಮೇಲಿನ ಅಂಕದವೆಲ್ಲ ಒಂದೆರಡು ಕುಟುಂಬದವೇ ಆಗಿ, ಒಳಸಂಕರದ ದೋಷ ತಲೆ ಎತ್ತುವುದೂ ಉಂಟು. ಕುಟುಂಬಕ್ಕೆ ಇಂತಿಷ್ಟೇ ಎಂದು ಮಿತಿ ಹಾಕಿಕೊಳ್ಳಿ.

ತೋಪನ್ನು ಚಿಕ್ಕದು ಮಾಡಬಹುದು. ಆದರೆ ಹಾಗೆ ಮಾಡುವಾಗ ಮಾದರಿ ಮೆಚ್ಚಿದ ಸಸಿಗಳನ್ನಷ್ಟೇ ನೆಡಬೇಡಿ. ಮಧ್ಯಮ ಅಂಕದವುಗಳಲ್ಲಿ ಕೆಲವನ್ನು, ಮಾದರಿ ಬೇಡವೆಂದು ಪಕ್ಕಕ್ಕಿಟ್ಟವುಗಳಲ್ಲಿ ಕೆಲವನ್ನು ಅದೇ ಸಾಲುಗಳಲ್ಲಿ ಬೆರೆಸಿ ನೆಡಿ. ಅಳೆಯಲು ಹೋಗುವವರಿಗೆ ಯಾವುದು ಯಾವುದೆಂದು ಹೇಳಬೇಡಿ.