ತಂಗಿ ಮಗನ ಐಸ್‌ಕ್ರೀಮ್ ಫ್ಯಾಕ್ಟರಿಗೆ ಅಡಿಕೆ ದುಡ್ಡು ಹಾಕ್ಬಹುದಾ?

ಶಿರಸಿ ಹತ್ರದ ಹಳ್ಳಿಯಿಂದ ಒಬ್ರು ಅಕ್ಕ ಪತ್ರ ಬರೆದಿದಾರೆ, ಹೆಸರು ಹಾಕ್ಬೇಡಿ ಅಂದಿದಾರೆ. ಅವ್ರ ತಂಗಿ ಮಗ ಕುಮಟಾದಲ್ಲಿ ಸಣ್ಣದಾಗಿ ಐಸ್‌ಕ್ರೀಮ್ ಮಾಡ್ತಾನೆ, ಈಗ ದೊಡ್ಡ ಮಷಿನ್ನು, ಕೋಲ್ಡ್ ರೂಮು ಹಾಕಿ ಗೋಕರ್ಣದಿಂದ ಕಾರವಾರದವರೆಗೆ ಮಾಲು ಕೊಡೋ ಯೋಚನೆ. ಅಡಿಕೆ ಮಾರಿ ಉಳಿಸಿದ 10 ಲಕ್ಷ ಹಾಕಿದ್ರೆ ಪಾರ್ಟ್ನರ್ ಮಾಡ್ಕೊಳ್ತೀನಿ ಅಂದಿದಾನಂತೆ, ಹಾಕ್ಲಾ ಅಂತ ಕೇಳಿದಾರೆ.

ಅಕ್ಕಾ, ದುಡ್ಡು ಹಾಕಿ, ಆದ್ರೆ ಪಾರ್ಟ್ನರ್‌ಶಿಪ್ ಪತ್ರಕ್ಕೆ ಮಾತ್ರ ಸಹಿ ಹಾಕ್ಬೇಡಿ. 1932ರ ಪಾಲುದಾರಿಕೆ ಕಾಯ್ದೆಯಲ್ಲಿ ಫರ್ಮಿನ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಪೂರ್ತಿ ಹೊಣೆ. ನೀವು ಕೊಟ್ಟಿದ್ದು 10 ಲಕ್ಷನೇ ಇರ್ಬಹುದು, ನಾಳೆ ಬ್ಯಾಂಕ್ ಸಾಲ, ಹಾಲಿನವರ ಬಾಕಿ ಎಲ್ಲ ಸೇರಿ 40 ಲಕ್ಷ ನಿಂತ್ರೆ ವಸೂಲಿಗೆ ನಿಮ್ಮ ತೋಟದ ತನಕ ಬರ್ತಾರೆ. ಅದ್ರ ಬದ್ಲು 2008ರ ಕಾಯ್ದೆ ಪ್ರಕಾರ ಎಲ್‌ಎಲ್‌ಪಿ, ಅಂದ್ರೆ ಸೀಮಿತ ಹೊಣೆಯ ಪಾಲುದಾರಿಕೆ, ಮಾಡ್ಸಿ ಅಂತ ಹೇಳಿ, ಅದ್ರಲ್ಲಿ ಹೋದ್ರೆ ನೀವು ಹಾಕಿದಷ್ಟೇ ಹೋಗತ್ತೆ. ಬ್ಯಾಂಕಿಗೆ ಜಾಮೀನು ಮಾತ್ರ ನಿಲ್ಬೇಡಿ, ನಿಂತ್ರೆ ಎಲ್‌ಎಲ್‌ಪಿ ಮಾಡಿದ್ದೂ ವ್ಯರ್ಥ. ಮಾಣಿ ಒಳ್ಳೆಯವನೇ ಅಂತ ಬರೆದಿದೀರಿ, ನಂಗೂ ಹಾಗೇ ಅನ್ಸತ್ತೆ, ಆದ್ರೆ ಒಳ್ಳೆ ಮಾಣಿಗೂ ಕೆಟ್ಟ ವರ್ಷ ಬರತ್ತೆ.

ಇನ್ನು ಲೆಕ್ಕ. ಅವ್ನು ತೋರಿಸಿದ್ದು ಯಾವ ವರ್ಷದ ಲೆಕ್ಕ ನೋಡಿ. ಶಿರಸಿ ಮಾರಿಜಾತ್ರೆ ಎರಡು ವರ್ಷಕ್ಕೊಮ್ಮೆ ಅಲ್ವಾ, 2024ರ ಮಾರ್ಚ್‌ನಲ್ಲಿ ಆಗಿತ್ತು, ಜಾತ್ರೆಗೆ ಮಾಲು ಕಳಿಸಿದ ವರ್ಷದ ಲೆಕ್ಕ ಹಿಡ್ಕೊಂಡು ಮುಂದಿನ ವರ್ಷದ ಲಾಭ ಹೇಳಿದ್ರೆ ಅದು ತಪ್ಪು ಲೆಕ್ಕ, ಹಾಗಾಗಿ ಜಾತ್ರೆ ಇಲ್ದಿರೋ ವರ್ಷದ್ದೂ ಕೇಳಿ. ಜೊತೆಗೆ ಜೂನ್‌ನಿಂದ ಸೆಪ್ಟೆಂಬರ್ ತನಕದ ಹೆಸ್ಕಾಂ ಬಿಲ್ಲು, ಜನರೇಟರ್ ಡೀಸೆಲ್ ಚೀಟಿ ಕೇಳಿ. ಮಳೆಗಾಲದಲ್ಲಿ ಬೀಚಿಗೆ ಜನ ಇಲ್ಲ, ಮಾಲು ಹೋಗಲ್ಲ, ಆದ್ರೂ ಕೋಲ್ಡ್ ರೂಮು ಮೈನಸ್ 18 ಡಿಗ್ರಿಯಲ್ಲೇ ಇರ್ಬೇಕು, ರೂಮು ದೊಡ್ಡದಾದಷ್ಟೂ ಆ ನಾಲ್ಕು ತಿಂಗಳ ಭಾರ ಜಾಸ್ತಿ. ಗಾಡಿ ಹೋಗೋ ದಾರಿನೂ ಒಂದೇ, 66ರ ಹೆದ್ದಾರಿ. 2024ರ ಜುಲೈನಲ್ಲಿ ಅಂಕೋಲೆ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳೇ ಹೋದ್ವು, ರಸ್ತೆ ಎಷ್ಟೋ ದಿನ ಬಂದ್ ಇತ್ತು. ಅಂಥ ದಿನಗಳಿಗೂ ಕೈಯಲ್ಲಿ ದುಡ್ಡು ಇಟ್ಕೊಂಡೇ ಮಷಿನ್ ತಗೋಬೇಕು.

ಐಸ್‌ಕ್ರೀಮ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18ರಿಂದ 5ಕ್ಕೆ ಇಳಿದಿದೆ, ಅದು ಖುಷಿ ವಿಷ್ಯನೇ. ಆದ್ರೆ ಮಷಿನ್ ಮೇಲೆ 18 ಹಾಗೇ ಇದೆ. 20 ಲಕ್ಷದ ಮಷಿನ್ನಿಗೆ 3.6 ಲಕ್ಷ ಟ್ಯಾಕ್ಸು ಕಟ್ಟಿ ಅದನ್ನ ಮಾರೋ ಮಾಲಿನ ಶೇಕಡಾ 5ರ ಟ್ಯಾಕ್ಸಲ್ಲಿ ನಿಧಾನಕ್ಕೆ ವಜಾ ಮಾಡ್ಕೋಬೇಕು, ರೀಫಂಡ್ ಅಂತ ಕೈಗೆ ಬರಲ್ಲ. ಎಸ್ಟಿಮೇಟಲ್ಲಿ ಇದಿದ್ಯಾ ಕೇಳಿ.

ನಂಗೆ ಮಷಿನ್‌ಗಿಂತ ದೊಡ್ಡ ಚಿಂತೆ ಅಂಗಡಿ ಫ್ರೀಜರಿಂದು. ಹೊಸ ಅಂಗಡಿ ಹಿಡೀಬೇಕು ಅಂದ್ರೆ ಸಾಮಾನ್ಯವಾಗಿ ಫ್ರೀಜರ್ ಇವ್ನೇ ಕೊಡ್ಬೇಕಾಗತ್ತೆ, ರಾತ್ರಿ ಕರೆಂಟ್ ಉಳ್ಸೋಕೆ ಅಂಗಡಿಯವ್ರು ಸ್ವಿಚ್ ತೆಗೀತಾರೆ. ಭಟ್ಕಳ ಕಡೆ ಒಂದು ಅಂಗಡಿಯಲ್ಲಿ ಮುಚ್ಚಳ ತೆಗೆದು ನೋಡ್ದೆ, ಐಸ್‌ಕ್ರೀಮ್ ಡಬ್ಬಿ ಮೇಲೆ ಬಾಳೆಎಲೆಯಲ್ಲಿ ಸುತ್ತಿದ ಮಲ್ಲಿಗೆ ಕಟ್ಟು, ಪಕ್ಕದಲ್ಲಿ ಹಾಲಿನ ಪ್ಯಾಕೆಟ್. ಕಪ್ ತಗೊಂಡು ತಿಂದ್ರೆ ಕರಗಿ ಮತ್ತೆ ಗಟ್ಟಿಯಾಗಿ ಹಲ್ಲಿಗೆ ಮರಳು ಸಿಕ್ಕಿದ ಹಾಗೆ ಹರಳು ಹರಳು, ಮೇಲಿಂದ ಮಲ್ಲಿಗೆ ವಾಸನೆ ಬೇರೆ. ತಿಂದವ್ರು ಬೈಯೋದು ಅಂಗಡಿಯವ್ನಿಗಲ್ಲ, ಡಬ್ಬಿ ಮೇಲಿನ ಹೆಸರಿಗೆ. ಹಾಗಾಗಿ ಮೊದ್ಲ ವರ್ಷ ಕಾರವಾರ ಬೇಡ, ಕುಮಟಾ ಗೋಕರ್ಣದಲ್ಲಿ ದಿನಾ ಹೋಗಿ ನೋಡ್ಬಹುದಾದಷ್ಟು ಅಂಗಡಿ ಸಾಕು, 10ರಲ್ಲಿ 5 ಲಕ್ಷ ಈಗ ಕೊಡಿ, ಉಳಿದಿದ್ದು ಒಂದು ಮಳೆಗಾಲ ದಾಟಿದ ಮೇಲೆ.

ಹೋದಾಗ ಒಂದು ಲೀಟರ್ ಡಬ್ಬಿ ತೂಕ ಹಾಕಿಸಿ, ಡಬ್ಬಿ ತೂಕ ಕಳೆದು ಕಡೇಪಕ್ಷ 525 ಗ್ರಾಂ ಬರ್ಬೇಕು, ಕಡಿಮೆ ಬಂದ್ರೆ ಗಾಳಿ ಜಾಸ್ತಿ ತುಂಬಿದಾನೆ ಅಂತ. ಹಾಲಿನ ಕೊಬ್ಬು ಬಿಟ್ಟು ವನಸ್ಪತಿ ಕೊಬ್ಬು ಹಾಕಿದ್ರೆ ಅದನ್ನ ಐಸ್‌ಕ್ರೀಮ್ ಅಂತ ಮಾರೋ ಹಾಗಿಲ್ಲ, ಫ್ರೋಜನ್ ಡೆಸರ್ಟ್ ಅಂತ ಬರೀಬೇಕು. ಮತ್ತೆ ಆ ಹಲಸಿನಹಣ್ಣಿನ ಐಸ್‌ಕ್ರೀಮ್ ಬಗ್ಗೆ ಬರೆದಿದೀರಲ್ಲ, ನಿಮ್ಮೂರಿನ ಹಲಸೇ ಹಾಕಿ ಮಾಡ್ತಾನೆ ಅಂತ, ಮಷಿನ್ ಎಷ್ಟೇ ದೊಡ್ಡದು ಬಂದ್ರೂ ಅದೊಂದನ್ನ ಬಿಡ್ಬೇಡ ಅಂತ ನನ್ನ ಕಡೆಯಿಂದಲೂ ಹೇಳಿ.