ನೇತ್ರಾಣಿಯೋ, ಅಂಡಮಾನೋ? ಮೂಡಿಗೆರೆಯಿಂದ ಕೇಳಿದವರಿಗೆ

ನೀವು ಕೇಳಿರುವುದು ಇಷ್ಟು: ಮೂಡಿಗೆರೆ ಕಡೆಯವರು, ಕೊಯ್ಲು ಮುಗಿಸಿ ಏಪ್ರಿಲ್‌ನಲ್ಲಿ ಹೆಂಡತಿ ಜೊತೆ ಅಂಡಮಾನಿಗೆ ಹೋಗಿ ಸ್ಕೂಬಾ ಮಾಡಬೇಕು ಅಂತ ಆಸೆ. ಈಜು ಅಷ್ಟಕ್ಕಷ್ಟೇ, ಹೆಂಡತಿಗೆ ನೀರು ಕಂಡರೆ ಭಯ. ಅದಕ್ಕೂ ಮೊದಲು ಒಂದು ಭಾನುವಾರ ಬೆಳಗಿನ ಜಾವ ಹೊರಟು ಮುರುಡೇಶ್ವರದ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಿ ರಾತ್ರಿ ಮನೆಗೆ ಬಂದುಬಿಟ್ಟರೆ ಏನಾದರೂ ಉಪಯೋಗ ಇದೆಯಾ, ಇಲ್ಲ ದುಡ್ಡು ದಂಡವಾ?

ಉಪಯೋಗ ಇದೆ, ಹೋಗಿ. ಆದರೆ ಅದೇ ರಾತ್ರಿ ವಾಪಸ್ ಬರಬೇಡಿ. ನಿಮ್ಮ ಪ್ರಶ್ನೆಗೆ ಬಂದಿರುವ ಬೇರೆ ಉತ್ತರಗಳಲ್ಲಿ ರೇಟು, ಹೋಟೆಲು, ಮೀನು ಎಲ್ಲ ಇವೆ, ಈ ಒಂದು ಮಾತು ಮಾತ್ರ ಯಾರೂ ಎತ್ತಿಲ್ಲ. ಬರೆದವರು ಹೆಚ್ಚಿನವರು ಕರಾವಳಿಯವರು ಇರಬೇಕು. ಅವರಿಗೆ ಅದು ಬೇಕೂ ಇಲ್ಲ. ನಾನು ಚಿಕ್ಕಮಗಳೂರಿನವನು, ಸ್ಕೂಬಾದ ಮೊದಲ ಹಂತದ ಓಪನ್ ವಾಟರ್ ಸರ್ಟಿಫಿಕೇಟ್ ಇದೆ, ಊರಿನ ಗೆಳೆಯರನ್ನು ಕಟ್ಟಿಕೊಂಡು ಮುರುಡೇಶ್ವರಕ್ಕೆ ಹೋಗುವುದು ರೂಢಿ. ಡಾಕ್ಟರೂ ಅಲ್ಲ, ಬೋಧಕನೂ ಅಲ್ಲ, ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಿ.

ಬೆನ್ನಿಗೆ ಕಟ್ಟುವ ಸಿಲಿಂಡರನ್ನು ಎಲ್ಲರೂ ಆಕ್ಸಿಜನ್ ಸಿಲಿಂಡರ್ ಅನ್ನುತ್ತಾರೆ. ಅದರಲ್ಲಿರುವುದು ನಾವು ಈಗ ಉಸಿರಾಡುತ್ತಿರುವ ಗಾಳಿಯೇ, ಸುಮಾರು 200 ಬಾರ್ ಒತ್ತಡದಲ್ಲಿ ತುಂಬಿಸಿದ್ದು, ಅಷ್ಟೇ. ಗಾಳಿ ಅಂದಮೇಲೆ ಅದರಲ್ಲಿ ಶೇ 78ರಷ್ಟು ನೈಟ್ರೋಜನ್. ಭೂಮಿಯ ಮೇಲೆ ಅದು ಒಳಗೆ ಹೋಗಿ ಹಾಗೇ ಹೊರಗೆ ಬರುತ್ತದೆ, ತಂಟೆಯಿಲ್ಲ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಾಗಲೂ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. 10 ಮೀಟರಿನಲ್ಲಿ ಮೇಲಿನದರ ಎರಡರಷ್ಟು. ಆ ಒತ್ತಡದಲ್ಲಿ ಉಸಿರಾಡಿದಷ್ಟು ಹೊತ್ತೂ ನೈಟ್ರೋಜನ್ ರಕ್ತದಲ್ಲಿ, ಮಾಂಸದಲ್ಲಿ ಕರಗಿ ಸೇರಿಕೊಳ್ಳುತ್ತಾ ಹೋಗುತ್ತದೆ. ನಿಧಾನಕ್ಕೆ ಮೇಲೆ ಬಂದರೆ ಅದು ಉಸಿರಿನ ಜೊತೆ ಹೊರಗೆ ಹೋಗುತ್ತದೆ. ಒತ್ತಡ ಒಮ್ಮೆಲೇ ಇಳಿದರೆ ಗೋಲಿ ಸೋಡಾ ಒಡೆದ ಹಾಗೆ ಒಳಗೇ ಗುಳ್ಳೆ ಏಳುತ್ತದೆ. ಕೀಲು ನೋವು, ಚರ್ಮ ಜುಮ್ಮೆನ್ನುವುದು, ಹೇಳಿಕೊಳ್ಳಲಾಗದ ಸುಸ್ತು. ಜೋರಾದರೆ ಕೈಕಾಲಿನ ಸ್ವಾಧೀನವೇ ತಪ್ಪಬಹುದು. ಡೈವ್ ಮಾಡಿ ಬಂದವರು ಸ್ವಲ್ಪ ಹೊತ್ತು ವಿಮಾನ ಹತ್ತಬಾರದು ಅನ್ನುವುದು ಇದಕ್ಕೇ. ಎತ್ತರಕ್ಕೆ ಹೋದರೆ ವಿಮಾನದೊಳಗೂ ಗಾಳಿಯ ಒತ್ತಡ ಕಡಿಮೆ.

ಡೈವ್ ಮಾಡುವವರ ಸುರಕ್ಷತೆ ನೋಡುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಶಿಫಾರಸು ಹೀಗಿದೆ: ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾಗಿದ್ದರೆ ಕನಿಷ್ಠ 18 ಗಂಟೆ ಬಿಡಬೇಕು. ಎಲ್ಲರೂ ಇದನ್ನು ವಿಮಾನದ ನಿಯಮ ಅಂತಲೇ ಓದಿ, ನಾವು ಕಾರಿನಲ್ಲಿ ಬಂದವರಲ್ಲವಾ ಅಂತ ಮುಂದೆ ಹೋಗುತ್ತಾರೆ. ಆದರೆ ಆ ಶಿಫಾರಸು ಲೆಕ್ಕಕ್ಕೆ ಹಿಡಿದಿರುವ ಎತ್ತರ 2,000 ಅಡಿಯಿಂದ ಶುರುವಾಗುತ್ತದೆ, ಅಂದರೆ ಸುಮಾರು 600 ಮೀಟರ್. ನಮ್ಮ ಮೂಡಿಗೆರೆ, ಸಕಲೇಶಪುರ, ಹಾಸನ ಎಲ್ಲವೂ 900 ಮೀಟರಿನ ಆಸುಪಾಸಿನಲ್ಲೋ ಅದಕ್ಕೂ ಮೇಲೋ ಇವೆ. ಚಿಕ್ಕಮಗಳೂರು ಪೇಟೆ ಸಾವಿರ ಮೀಟರ್ ದಾಟಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಶೇ 11ರಷ್ಟು ಕಡಿಮೆ. ಮರುದಿನ ಬೆಳಿಗ್ಗೆ ಮುಳ್ಳಯ್ಯನಗಿರಿಗೆ ಹೋದರಂತೂ 1,900 ಮೀಟರ್ ಮೇಲಾಯಿತು. ಉಜಿರೆ ಬಿಟ್ಟು ಚಾರ್ಮಾಡಿ ಹತ್ತಲು ಶುರುಮಾಡಿದರೆ ಒಂದು ಗಂಟೆಯೊಳಗೆ ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿನ್ನುತ್ತಿರುತ್ತೀರಿ. ದೇಹಕ್ಕೆ ಅದು ಕಾರೋ ವಿಮಾನವೋ ಗೊತ್ತಾಗುವುದಿಲ್ಲ. ರೈಲಿನಲ್ಲಿ ಬಂದರೂ ಸಕಲೇಶಪುರದ ಘಾಟಿ ಹತ್ತಲೇಬೇಕು.

ಹೆದರಿಸುತ್ತಿಲ್ಲ. ಮೊದಲ ಸಲದವರನ್ನು ಕರೆದುಕೊಂಡು ಹೋಗುವ ಆಳ, ಹೊತ್ತು ಎರಡೂ ಕಡಿಮೆ, ಸೇರುವ ನೈಟ್ರೋಜನ್ನೂ ಕಡಿಮೆ. ಅದೇ ದಿನ ಘಟ್ಟ ಹತ್ತಿದವರು ಬೇಕಾದಷ್ಟು ಜನ ಇದ್ದಾರೆ, ಅವರಿಗೆ ಏನೂ ಆಗಿಲ್ಲ. ಆದರೂ ಒಂದು ರಾತ್ರಿಯ ರೂಮ್ ಬಾಡಿಗೆ ಉಳಿಸಲು ಈ ಜೂಜು ಯಾಕೆ? ಶನಿವಾರ ಬೆಳಿಗ್ಗೆ ಡೈವ್ ಇಟ್ಟುಕೊಳ್ಳಿ. ಮಧ್ಯಾಹ್ನ ಒಂದರ ಹೊತ್ತಿಗೆ ಮುಗಿದಿರುತ್ತದೆ. ಸಂಜೆ ದೇವಸ್ಥಾನ ನೋಡಿ (20 ಅಂತಸ್ತಿನ ರಾಜಗೋಪುರದ ಲಿಫ್ಟ್ ಹತ್ತಬಹುದು, ಆ ಎತ್ತರ ಏನೂ ಅಲ್ಲ), ಅಲ್ಲೇ ಮಲಗಿ, ಭಾನುವಾರ ತಿಂಡಿ ತಿಂದು ಹೊರಡಿ. ಮನೆಗೆ ಬಂದಮೇಲೆ ಒಂದೆರಡು ದಿನದೊಳಗೆ ಮೇಲೆ ಹೇಳಿದಂಥದ್ದು ಏನಾದರೂ ಕಾಣಿಸಿದರೆ ಡಾಕ್ಟರ ಹತ್ತಿರ ಮೊದಲು ಬಾಯಿಬಿಟ್ಟು ಹೇಳಬೇಕಾದ್ದು ಸ್ಕೂಬಾ ಮಾಡಿದ ವಿಷಯ. ಕಾಫಿ ಸೀಮೆಯ ಡಾಕ್ಟರಿಗೆ ಕೀಲು ನೋವು ಅಂದರೆ ಸಮುದ್ರ ನೆನಪಾಗುವುದಿಲ್ಲ, ಅದು ಅವರ ತಪ್ಪೂ ಅಲ್ಲ.

ಇನ್ನು ನೇತ್ರಾಣಿ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ. ಬೋಟಿನಲ್ಲಿ ಒಂದು, ಒಂದೂವರೆ ಗಂಟೆ. ಚಾರ್ಮಾಡಿ ತಿರುವಿನಲ್ಲಿ ಕವರ್ ಹಿಡಿದು ಕೂರುವ ಪೈಕಿ ನೀವಾದರೆ ಈ ಬೋಟ್ ಅದಕ್ಕಿಂತ ಜೋರು. ಮಾತ್ರೆಯ ಬಗ್ಗೆ ಮೊದಲೇ ಡಾಕ್ಟರನ್ನು ಕೇಳಿ, ಕೆಲವು ಮಾತ್ರೆಗೆ ನಿದ್ದೆ ಎಳೆಯುತ್ತದೆ, ಆ ಮಂಪರಿನಲ್ಲಿ ನೀರಿಗಿಳಿಯುವುದು ಬೇಡ. ಶೀತ, ಮೂಗು ಕಟ್ಟಿದ್ದರೆ ದಿನವನ್ನೇ ಮುಂದೂಡಿ. ಆಸ್ತಮಾ, ಹೃದಯದ ತೊಂದರೆ, ಫಿಟ್ಸ್, ಕಿವಿ ಆಪರೇಷನ್ ಇವನ್ನೆಲ್ಲ ಫಾರಂನಲ್ಲಿ ಕೇಳಿರುತ್ತಾರೆ. ನಮ್ಮವರು ಎಲ್ಲದಕ್ಕೂ "ಇಲ್ಲ, ಇಲ್ಲ" ಅಂತ ಟಿಕ್ ಹಾಕಿ ಸಹಿ ಮಾಡಿಬಿಡುತ್ತಾರೆ. ನಿಜ ಬರೆಯಿರಿ.

ನೀರೊಳಗೆ ಮೊದಲು ಮಾತಾಡುವುದು ಕಿವಿ. ಹಗ್ಗ ಹಿಡಿದು ಎರಡು ಮೂರು ಮೀಟರ್ ಇಳಿಯುವಷ್ಟರಲ್ಲೇ ಎರಡೂ ಕಿವಿಯನ್ನು ಯಾರೋ ಒಳಕ್ಕೆ ಒತ್ತುತ್ತಿದ್ದಾರೆ ಅನ್ನಿಸುತ್ತದೆ. ಮಾಸ್ಕ್ ಮೇಲಿಂದಲೇ ಮೂಗು ಹಿಂಡಿ, ಬಾಯಿ ಮುಚ್ಚಿ, ಮೆತ್ತಗೆ ಮೂಗಿಗೆ ಗಾಳಿ ಒತ್ತಬೇಕು. "ಟಿಕ್" ಅಂತ ಬಿಟ್ಟುಕೊಳ್ಳುತ್ತದೆ. ನೋವು ಬರುವವರೆಗೆ ಕಾಯದೆ ಪ್ರತಿ ಮೀಟರಿಗೂ ಮಾಡಿ. ಬಿಟ್ಟುಕೊಳ್ಳದಿದ್ದರೆ ಒಂದು ಗೇಣು ಮೇಲೆ ಹೋಗಿ ಮತ್ತೆ ಪ್ರಯತ್ನಿಸಿ, ಹಠ ಬೇಡ. ಎರಡನೆಯದು, ಉಸಿರು ಕಟ್ಟಬೇಡಿ. ಹೊಳೆಯಲ್ಲಿ ಮುಳುಗಿ ಆಡಿ ಬೆಳೆದವರಿಗೆ ನೀರೊಳಗೆ ಹೋದ ಕೂಡಲೇ ಉಸಿರು ಹಿಡಿಯುವುದೇ ಅಭ್ಯಾಸ. ಇಲ್ಲಿ ಅದು ಅಪಾಯ: 10 ಮೀಟರಿನಲ್ಲಿ ಶ್ವಾಸಕೋಶ ತುಂಬಿಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ.

ಮೂರನೆಯದು ಹೆಬ್ಬೆರಳು. ಬೋಧಕ "ಸರಿ ಇದ್ದೀರಾ?" ಅಂತ ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಿ ಕೇಳುತ್ತಾನೆ. ಅದೇ ಸೊನ್ನೆಯನ್ನೇ ತಿರುಗಿ ತೋರಿಸಬೇಕು. ನಮ್ಮವರು ಸಂತೋಷದಲ್ಲಿ ಹೆಬ್ಬೆರಳೆತ್ತುತ್ತಾರೆ. ನೀರೊಳಗೆ ಅದರ ಅರ್ಥ "ಮೇಲೆ ಹೋಗೋಣ". ನಮ್ಮ ಜೊತೆ ಬಂದಿದ್ದ ಆಲೂರಿನ ಹುಡುಗನೊಬ್ಬ ಹೀಗೆ ಹೆಬ್ಬೆರಳು ಎತ್ತಿದ, ಬೋಧಕ ಮೇಲಕ್ಕೆ ಕರೆತಂದ. "ಯಾಕಣ್ಣಾ, ಈಗಿನ್ನೂ ಮೀನು ಕಾಣೋಕೆ ಶುರುವಾಗಿತ್ತಲ್ಲಾ" ಅಂತ ಇವನು, "ನೀನೇ ತಾನೇ ಹೇಳಿದ್ದು" ಅಂತ ಅವನು. ಬೋಟಿನಲ್ಲಿದ್ದವರಿಗೆಲ್ಲ ನಗು.

ನೋಡಲು ಏನು ಸಿಗುತ್ತದೆ ಅಂದರೆ, ಬಂಡೆಗಳ ಸುತ್ತ ಗಿಳಿಮೀನು, ಚಿಟ್ಟೆಮೀನು, ಗುಂಪುಗುಂಪಾಗಿ ಬರಾಕುಡಾ, ಅದೃಷ್ಟವಿದ್ದರೆ ಆಮೆ. ಗಿಳಿಮೀನು ಹವಳ ಕಡಿಯುವ ಕರಕರ ಸದ್ದು ನಿಮ್ಮ ಗುಳ್ಳೆಗಳ ಸದ್ದಿನ ನಡುವೆಯೂ ಕೇಳುತ್ತದೆ. ಜಾಹೀರಾತಿನ ಕೆಂಪು, ಕಿತ್ತಳೆ ಬಣ್ಣ ಮಾತ್ರ ಹುಡುಕಬೇಡಿ. ನೀರು ಮೊದಲು ನುಂಗುವುದೇ ಕೆಂಪನ್ನು, ಕೆಲವೇ ಮೀಟರಿನಲ್ಲಿ ಎಲ್ಲ ನೀಲಿ-ಬೂದು. ಆ ಫೋಟೋಗಳೆಲ್ಲ ಲೈಟ್ ಹಾಕಿ ತೆಗೆದವು.

ನೇತ್ರಾಣಿಯ ನಿಜವಾದ ಲಾಭ ಬೇರೆ. ಕಿವಿ ಬಿಟ್ಟುಕೊಳ್ಳುತ್ತದೋ, ಬಾಯಿಂದಲೇ ಉಸಿರಾಡುವುದು ಒಗ್ಗುತ್ತದೋ, ತಲೆಯ ಮೇಲೆ ನೀರಿದೆ ಅನ್ನುವುದು ಮನಸ್ಸಿಗೆ ಹಿಡಿಸುತ್ತದೋ ಅನ್ನುವುದು ಸುಮಾರು ಐದು ಸಾವಿರ ರೂಪಾಯಿಯಲ್ಲಿ ಗೊತ್ತಾಗುತ್ತದೆ. ಆಗದು ಅಂತಾದರೆ ಅಂಡಮಾನಿನಲ್ಲಿ ಕಳೆಯಬಹುದಾಗಿದ್ದ ದುಡ್ಡು ಉಳಿಯಿತು. ಆಗುತ್ತದೆ ಅಂತಾದರೆ ಅಂಡಮಾನಿನಲ್ಲಿ ಮತ್ತೆ ಅದನ್ನೇ ಮಾಡಬೇಡಿ. ಇದು ನನ್ನ ಖಡಾಖಂಡಿತ ಅಭಿಪ್ರಾಯ. ಹ್ಯಾವ್‌ಲಾಕಿಗೆ (2018ರಿಂದ ಸ್ವರಾಜ್ ದ್ವೀಪ) ಹೋಗಿ ಅಲ್ಲೂ ಬೋಧಕ ಬೆನ್ನು ಹಿಡಿದು ತಳ್ಳಿಕೊಂಡು ಹೋಗುವ ಅರ್ಧ ಗಂಟೆಯ ಡೈವಿಗೇ ದುಡ್ಡು ಕೊಡುವುದು, ಮೂರು ದ್ವೀಪಕ್ಕೆ ಓಡಾಡಿ ಫೆರ್ರಿಯಲ್ಲೇ ರಜೆ ಕಳೆಯುವುದು, ಪ್ಯಾಕೇಜಿನವರಿಗೆ ಲಾಭ. ಒಂದೇ ದ್ವೀಪದಲ್ಲಿ ಕೂತು ಓಪನ್ ವಾಟರ್ ಕೋರ್ಸ್ ಮಾಡಿ. ಮೂರು ನಾಲ್ಕು ದಿನ, ಸುಮಾರು 30 ಸಾವಿರ. ಕೋರ್ಸಿಲ್ಲದೆ ಮಾಡುವ ಪರಿಚಯದ ಡೈವಿನಲ್ಲಿ 12 ಮೀಟರಿಗಿಂತ ಕೆಳಗೆ ಬಿಡುವುದಿಲ್ಲ. ಕೋರ್ಸ್ ಆದಮೇಲೆ 18 ಮೀಟರ್. ಪಾಡಿ ಅಥವಾ ಎಸ್‌ಎಸ್‌ಐ (ಎರಡೂ ಡೈವಿಂಗ್ ತರಬೇತಿ ಸಂಸ್ಥೆಗಳು) ಕಾರ್ಡ್ ಇದ್ದರೆ ಪ್ರಪಂಚದ ಯಾವ ಮೂಲೆಯಲ್ಲೂ ನಡೆಯುತ್ತದೆ.

ಈಜಿನ ಪ್ರಶ್ನೆ ಬರುವುದು ಇಲ್ಲೇ. ನೇತ್ರಾಣಿಗೆ ಈಜು ಬೇಕಿಲ್ಲ. ಪಾಡಿ ಕೋರ್ಸಿಗೆ 200 ಮೀಟರ್ ಈಜಬೇಕು, 10 ನಿಮಿಷ ನೀರಲ್ಲಿ ತೇಲಬೇಕು. ವೇಗ ನೋಡುವುದಿಲ್ಲ, ಶೈಲಿ ನೋಡುವುದಿಲ್ಲ. ಹೇಮಾವತಿಯಲ್ಲೋ ಭದ್ರೆಯಲ್ಲೋ ಕೈಕಾಲು ಬಡಿದು ಕಲಿತ ಈಜಿಗೆ ಎರಡು ತಿಂಗಳು ಈಜುಕೊಳದಲ್ಲಿ ದಿನಾ ಅಭ್ಯಾಸ ಕೊಟ್ಟರೆ ಆರಾಮಾಗಿ ಆಗುತ್ತದೆ.

ವಾಪಸ್ ಬರುವ ಟಿಕೆಟ್ ಮಾಡುವಾಗ ಅದೇ 18 ಗಂಟೆ ನೆನಪಿಟ್ಟುಕೊಳ್ಳಿ. ಹ್ಯಾವ್‌ಲಾಕಿನಿಂದ ಪೋರ್ಟ್ ಬ್ಲೇರಿಗೆ (2024ರಲ್ಲಿ ಶ್ರೀ ವಿಜಯ ಪುರಂ ಆಗಿದೆ) ಬಂದು, ಕೊನೆಯ ದಿನವನ್ನು ಸೆಲ್ಯುಲರ್ ಜೈಲಿಗೆ ಇಡಿ. ಹೇಗೂ ಅರ್ಧ ದಿನ ಬೇಕು ಅದಕ್ಕೆ.

ಲಕ್ಷದ್ವೀಪದ ನೀರು ಇನ್ನೂ ತಿಳಿ, ಆದರೆ ಪರ್ಮಿಟ್ ಇಲ್ಲದೆ ಕಾಲಿಡುವಂತಿಲ್ಲ. ಮೊದಲ ಸಲಕ್ಕೆ ಆ ಓಡಾಟ ಬೇಡ.

ಸಮಯದ ಬಗ್ಗೆ: ಏಪ್ರಿಲ್ ಅಂಡಮಾನಿಗೆ ಒಳ್ಳೆಯದೇ, ಸಮುದ್ರ ಶಾಂತ, ಸೆಕೆ ಮಾತ್ರ ಜಾಸ್ತಿ. ತೋಟದವರ ಕಷ್ಟ ಏನೆಂದರೆ ನೇತ್ರಾಣಿ ಚೆನ್ನಾಗಿರುವ ಡಿಸೆಂಬರ್-ಜನವರಿಯಲ್ಲೇ ಅರೇಬಿಕಾ ಕೊಯ್ಲು, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ, ಆಮೇಲೆ ಹೂಮಳೆ ಬಂತಾ ಇಲ್ಲವಾ, ಸ್ಪ್ರಿಂಕ್ಲರ್ ಹಾಕಬೇಕಾ ಅಂತ ಆಕಾಶ ನೋಡುವುದು. ಕೈ ಬಿಡುವಾಗುವ ಮಳೆಗಾಲಕ್ಕೆ ನೇತ್ರಾಣಿ ಬಂದ್. ಏಪ್ರಿಲ್ ತಪ್ಪಿಹೋದರೆ ಬೇಜಾರು ಮಾಡಿಕೊಂಡು ಅಂಡಮಾನಿನ ಮಳೆಗೆ ಹೋಗಬೇಡಿ. ಜುಲೈ-ಆಗಸ್ಟಿನಲ್ಲಿ ಬಾಲಿಯಲ್ಲಿ ಒಣ ಹವೆ. ಮಾಲ್ಡೀವ್ಸ್‌ನಲ್ಲಿ ಮಳೆ ಇದ್ದರೂ ಡೈವಿಂಗ್ ನಿಲ್ಲುವುದಿಲ್ಲ, ದಕ್ಷಿಣ ಅರಿ ಹವಳದ್ವೀಪದ ಕಡೆ ತಿಮಿಂಗಿಲ ಶಾರ್ಕ್ ವರ್ಷವಿಡೀ ಕಾಣುತ್ತದೆ. ಅಲ್ಲಿ ರೆಸಾರ್ಟೇ ಆಗಬೇಕೆಂದಿಲ್ಲ. 2009ರಿಂದ ಊರಿನ ಜನ ಇರುವ ದ್ವೀಪಗಳಲ್ಲೂ ಗೆಸ್ಟ್‌ಹೌಸ್‌ಗೆ ಅನುಮತಿ ಇದೆ, ಖರ್ಚಿನಲ್ಲಿ ತುಂಬಾ ವ್ಯತ್ಯಾಸ.

ಹವಳದ ತುಂಡು, ಚಿಪ್ಪು ಹೆಕ್ಕಿ ಬ್ಯಾಗಿಗೆ ಹಾಕಬೇಡಿ. ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತದೆ, ಏರ್‌ಪೋರ್ಟ್ ಸ್ಕ್ಯಾನರಿನಲ್ಲಿ ಸಿಕ್ಕಿಬೀಳುತ್ತದೆ.

ಹೆಂಡತಿಯವರ ವಿಷಯ. ದಯವಿಟ್ಟು "ಬಾ, ಏನೂ ಆಗಲ್ಲ" ಅಂತ ಎಳೆದುಕೊಂಡು ಹೋಗಬೇಡಿ. ಗಾಬರಿಯಾದವರು ನೀರೊಳಗೆ ಮೊದಲು ಮಾಡುವ ಕೆಲಸವೇ ಉಸಿರು ಕಟ್ಟಿ ಮೇಲಕ್ಕೆ ನುಗ್ಗುವುದು. ಲೈಫ್ ಜಾಕೆಟ್ ಹಾಕಿ ಮೇಲೇ ತೇಲುತ್ತಾ, ಕೊಳವೆಯಲ್ಲಿ ಉಸಿರಾಡಿಕೊಂಡು ಸ್ನಾರ್ಕೆಲಿಂಗ್ ಮಾಡಲಿ. ಹ್ಯಾವ್‌ಲಾಕಿನಲ್ಲೂ ಪಕ್ಕದ ನೀಲ್ ದ್ವೀಪದಲ್ಲೂ ಎದೆಮಟ್ಟದ ನೀರಿನಲ್ಲೇ ಹವಳ, ಮೀನು ಕಾಣುತ್ತವೆ. ಅದೂ ಬೇಡ ಅಂದರೆ ರಾಧಾನಗರ ಬೀಚ್ ಇದೆ. ನೇತ್ರಾಣಿ ಬೋಟಿನಲ್ಲಿ ಡೈವ್ ಮಾಡದೆ ಜೊತೆಗೆ ಬರುವವರಿಗೆ ಬೇರೆ ರೇಟು ಇರುತ್ತದೆ, ಬುಕ್ ಮಾಡುವಾಗಲೇ ಕೇಳಿ.