ಕಲೆಯ ಕನಸು, ಕಂಪನಿಯ ಲೆಕ್ಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಚಲನಚಿತ್ರ, ಅನಿಮೇಷನ್, ರಂಗಭೂಮಿಯಂತಹ ಕ್ಷೇತ್ರಗಳಲ್ಲಿ ಸ್ವಂತ ಸಂಸ್ಥೆ ನಡೆಸುವವರಿಂದಲೂ ಅಲ್ಲಿ ದುಡಿಯುವವರಿಂದಲೂ ಬಂದ ಪತ್ರಗಳ ಪೈಕಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಪತ್ರಗಳು ದೀರ್ಘವಾಗಿದ್ದುದರಿಂದ ಸಂಗ್ರಹಿಸಿ ಕೊಟ್ಟಿದೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ಇಬ್ಬರು ಗೆಳೆಯರೊಂದಿಗೆ ಸಣ್ಣ ಚಿತ್ರನಿರ್ಮಾಣ ಸಂಸ್ಥೆ ನಡೆಸುತ್ತಿದ್ದೇನೆ. ಮೊದಲ ಚಿತ್ರ ಹೆಸರು ತಂದಿತು, ಹಣ ತರಲಿಲ್ಲ. ಎರಡನೆಯ ಚಿತ್ರಕ್ಕೆ ಬಂಡವಾಳ ಹಾಕಿದವರು, ಸಂಕಲನ ಮುಗಿಯುತ್ತಿರುವ ಈ ಹೊತ್ತಿನಲ್ಲಿ, ಇಪ್ಪತ್ತು ನಿಮಿಷ ಕತ್ತರಿಸಿ ಕೊನೆಯನ್ನು ಸುಖಾಂತ ಮಾಡಬೇಕೆಂದು ಪಟ್ಟು ಹಿಡಿದಿದ್ದಾರೆ. ನಿರ್ದೇಶಕರು ಒಂದು ದೃಶ್ಯವನ್ನೂ ಮುಟ್ಟಲು ಬಿಡುವುದಿಲ್ಲ. ನಾನು ಯಾರ ಪರ ನಿಲ್ಲಲಿ?

ಉತ್ತರ: ಅಂತಿಮ ಸಂಕಲನದ ಹಕ್ಕು ಯಾರದೆಂದು ನಿಮ್ಮ ಒಪ್ಪಂದಪತ್ರದಲ್ಲಿ ಏನು ಬರೆದಿದೆಯೋ ಮೊದಲು ನೋಡಿ. ಬರೆದಿದ್ದರೆ ಅದರಂತೆ ನಡೆದುಕೊಳ್ಳುವುದೇ ಎರಡೂ ಕಡೆಯವರಿಗೆ ಮರ್ಯಾದೆ. ನಿಮ್ಮ ಪತ್ರದ ಧಾಟಿಯಿಂದ ಹಾಗೇನೂ ಬರೆದಂತೆ ತೋರುವುದಿಲ್ಲ, ಮತ್ತು ಈ ಜಗಳ ಹುಟ್ಟಿದ್ದೂ ಅಲ್ಲಿಯೇ. ಕಲೆಗೂ ಲಾಭಕ್ಕೂ ನಡುವಿನ ಪ್ರಶ್ನೆಯನ್ನು ಸಂಕಲನದ ಮೇಜಿನ ಮುಂದೆ ಕುಳಿತು ಬಗೆಹರಿಸಲು ಹೊರಟವರು ಸಾಮಾನ್ಯವಾಗಿ ಸೋಲುತ್ತಾರೆ; ಅದು ಬಗೆಹರಿಯಬೇಕಾದದ್ದು ಚಿತ್ರೀಕರಣಕ್ಕೆ ಮೊದಲು, ಖರ್ಚಿನ ಮಿತಿ ಗೊತ್ತುಮಾಡಿ ಹಕ್ಕುಗಳನ್ನು ಹಂಚಿಕೊಳ್ಳುವ ದಿನ.

ಯುನೈಟೆಡ್ ಆರ್ಟಿಸ್ಟ್ಸ್ ಎಂಬ ಅಮೆರಿಕದ ಚಿತ್ರಸಂಸ್ಥೆಯ ಇತಿಹಾಸ ಇದಕ್ಕೆ ಒಳ್ಳೆಯ ಸಾಕ್ಷಿ. 1919ರಲ್ಲಿ ಚಾರ್ಲಿ ಚಾಪ್ಲಿನ್, ಮೇರಿ ಪಿಕ್‌ಫರ್ಡ್, ಡಗ್ಲಾಸ್ ಫೇರ್‌ಬ್ಯಾಂಕ್ಸ್ ಮತ್ತು ಡಿ. ಡಬ್ಲ್ಯು. ಗ್ರಿಫಿತ್ ಸೇರಿ, ತಮ್ಮ ಚಿತ್ರಗಳ ಮೇಲಿನ ಹತೋಟಿ ತಮ್ಮಲ್ಲೇ ಉಳಿಯಲೆಂದು ಅದನ್ನು ಕಟ್ಟಿದರು. ಮುಂದೆ ನಷ್ಟಕ್ಕೆ ಬಿದ್ದಿದ್ದ ಆ ಸಂಸ್ಥೆಯ ಆಡಳಿತವನ್ನು 1951ರಲ್ಲಿ ಆರ್ಥರ್ ಕ್ರಿಮ್ ಮತ್ತು ರಾಬರ್ಟ್ ಬೆಂಜಮಿನ್ ಎಂಬ ಇಬ್ಬರು ವಕೀಲರು ವಹಿಸಿಕೊಂಡರು. ಕತೆ, ನಿರ್ದೇಶಕ, ಮುಖ್ಯ ನಟರು, ಬಜೆಟ್ ಇಷ್ಟಕ್ಕೆ ಮುಂಚಿತವಾಗಿ ಒಪ್ಪಿಗೆ ಕೊಡುವುದು, ಆಮೇಲೆ ಚಿತ್ರ ತಯಾರಿಸುವವರ ಕೆಲಸದಲ್ಲಿ ಕೈ ಹಾಕದಿರುವುದು ಅವರು ಪಾಲಿಸಿದ ಪದ್ಧತಿ. ಹಣ ಹಾಕುವವರ ಆತಂಕಕ್ಕೂ ಕಲಾವಿದರ ಸ್ವಾತಂತ್ರ್ಯಕ್ಕೂ ಬೇರೆ ಬೇರೆ ಕಾಲವನ್ನು ಗೊತ್ತುಮಾಡಿದ್ದೇ ಅವರ ಜಾಣತನ. ಆ ಕಾಲದ ಅತ್ಯುತ್ತಮ ನಿರ್ದೇಶಕರಲ್ಲಿ ಅನೇಕರು ಆ ಸಂಸ್ಥೆಗೆ ಬಂದದ್ದು ಇದೇ ಕಾರಣಕ್ಕೆ.

ಒಡೆತನ ಹೊಂದಿದ್ದ ಟ್ರಾನ್ಸ್‌ಅಮೆರಿಕಾ ಕಂಪನಿಯೊಂದಿಗೆ ಮನಸ್ತಾಪ ಬೆಳೆದು 1978ರಲ್ಲಿ ಅವರಿಬ್ಬರೂ ಹೊರನಡೆದರು. ಅವರ ನಂತರ ಬಂದವರ ಕಾಲದಲ್ಲಿ, ಮೈಕೆಲ್ ಚಿಮಿನೋ ನಿರ್ದೇಶಿಸಿದ ‘ಹೆವನ್ಸ್ ಗೇಟ್’ ಚಿತ್ರದ ಖರ್ಚು ಸುಮಾರು 1 ಕೋಟಿ 16 ಲಕ್ಷ ಡಾಲರ್‌ಗಳ ಅಂದಾಜಿನಿಂದ ಸುಮಾರು 4 ಕೋಟಿ 40 ಲಕ್ಷ ಡಾಲರ್‌ಗಳಿಗೆ ಏರಿತು. 1980ರಲ್ಲಿ ತೆರೆಕಂಡ ಚಿತ್ರವನ್ನು ಕೆಲವೇ ದಿನಗಳಲ್ಲಿ ಹಿಂತೆಗೆದು, ಮೊಟಕುಗೊಳಿಸಿ ಮರುವರ್ಷ ಬಿಡುಗಡೆ ಮಾಡಿದರೂ ಅಮೆರಿಕದಲ್ಲಿ ಗಳಿಕೆ 40 ಲಕ್ಷ ಡಾಲರ್ ಮುಟ್ಟಲಿಲ್ಲ. 1981ರಲ್ಲಿ ಸಂಸ್ಥೆಯನ್ನು ಎಂಜಿಎಂ ಎಂಬ ಇನ್ನೊಂದು ಚಿತ್ರಸಂಸ್ಥೆಗೆ ಮಾರಲಾಯಿತು. ನಿರ್ದೇಶಕರಿಗೆ ಸ್ವಾತಂತ್ರ್ಯ ಕೊಟ್ಟರೆ ಕಂಪನಿ ಮುಳುಗುತ್ತದೆ ಎಂಬುದಕ್ಕೆ ಈ ಪ್ರಸಂಗವನ್ನು ಉದಾಹರಿಸುವವರಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಅದೇ ಸಂಸ್ಥೆ ಅದಕ್ಕೆ ಮುನ್ನ ಇಪ್ಪತ್ತೇಳು ವರ್ಷ ಸ್ವಾತಂತ್ರ್ಯ ಕೊಟ್ಟೇ ಬದುಕಿತ್ತು; ಕೊನೆಯಲ್ಲಿ ಕಾಣೆಯಾದದ್ದು ಸ್ವಾತಂತ್ರ್ಯದ ಜೊತೆಗಿದ್ದ ಮಿತಿ. ಆ ಚಿತ್ರದ ಪುನರುಜ್ಜೀವಿತ ಪ್ರತಿ 2012ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಾಗ ವಿಮರ್ಶಕರು ಮೆಚ್ಚಿದರೆಂಬುದೂ ನಿಜ. ಆದರೆ ಕೃತಿಗೆ ತಡವಾಗಿ ಸಿಗುವ ಮೆಚ್ಚುಗೆ, ಅದನ್ನು ತಯಾರಿಸಿದ ಸಂಸ್ಥೆಯನ್ನು ಉಳಿಸಿಕೊಡುವುದಿಲ್ಲ.

ಈಗ ನಿಮ್ಮ ಮುಂದಿರುವ ಕೆಲಸದ ಮಾತು. ಬಂಡವಾಳ ಹಾಕಿದವರಿಗೆ ಕೊನೆ ಏಕೆ ಹಿಡಿಸಲಿಲ್ಲ ಎಂದು ಕೇಳಿ ತಿಳಿಯಿರಿ; ಅವರು ಸೂಚಿಸುವ ಪರಿಹಾರವನ್ನು ಸದ್ಯಕ್ಕೆ ಬದಿಗಿಡಿ. ಪಿಕ್ಸಾರ್ ಎಂಬ ಅಮೆರಿಕದ ಅನಿಮೇಷನ್ ಸಂಸ್ಥೆಯಲ್ಲಿ, ತಯಾರಿಯಲ್ಲಿರುವ ಚಿತ್ರವನ್ನು ಆಗಾಗ ಇತರ ನಿರ್ದೇಶಕರೂ ಕತೆಗಾರರೂ ನೋಡಿ ಮುಚ್ಚುಮರೆಯಿಲ್ಲದೆ ಟೀಕಿಸುವ ‘ಬ್ರೇನ್‌ಟ್ರಸ್ಟ್’ ಎಂಬ ಏರ್ಪಾಡು ಬೆಳೆದುಬಂತು. ಎಲ್ಲಿ ಎಡವಿದೆ ಎಂದು ಹೇಳುವ ಹಕ್ಕು ಆ ಗುಂಪಿಗಿದೆ, ಹೀಗೇ ಮಾಡಿ ಎಂದು ಅಪ್ಪಣೆ ಕೊಡುವ ಅಧಿಕಾರವಿಲ್ಲ, ತೀರ್ಮಾನ ನಿರ್ದೇಶಕರದೇ. ನೀವೂ ಚಿತ್ರಕ್ಕೆ ಸಂಬಂಧವಿಲ್ಲದ ಮೂವತ್ತು ನಲವತ್ತು ಜನರಿಗೆ ಈಗಿರುವ ಪ್ರತಿಯನ್ನು ತೋರಿಸಿ. ಪ್ರಶ್ನಾವಳಿ ತುಂಬಿಸುವುದಕ್ಕಿಂತ, ಸಭಾಂಗಣದ ಪಕ್ಕದ ಗೋಡೆಗೆ ಒರಗಿ ನಿಂತು, ಪರದೆಯ ಬದಲು ಮುಖಗಳನ್ನು ನೋಡುತ್ತ, ಎಷ್ಟನೆಯ ನಿಮಿಷದಲ್ಲಿ ಜನ ಮೈ ಸರಿಸಿ ಕುಳಿತರು, ಎಲ್ಲಿ ಮೊಬೈಲಿನ ಬೆಳಕು ಕಂಡಿತು ಎಂದು ಗುರುತು ಹಾಕಿಕೊಳ್ಳಿ. ಕೊನೆ ಸರಿಯಿಲ್ಲ ಎಂಬ ದೂರಿನ ಬೇರು ಎಷ್ಟೋ ಸಲ ಮಧ್ಯಭಾಗದಲ್ಲಿರುತ್ತದೆ. ಅಲ್ಲಿ ಪಾತ್ರದ ಮೇಲಿನ ಅಕ್ಕರೆ ಕಡಿದುಹೋದರೆ ಯಾವ ಅಂತ್ಯವನ್ನು ಜೋಡಿಸಿದರೂ ಪ್ರೇಕ್ಷಕರ ಮನಸ್ಸಿಗೆ ನಾಟುವುದಿಲ್ಲ. ಆ ಟಿಪ್ಪಣಿಯನ್ನು ನಿರ್ದೇಶಕರ ಮುಂದಿಟ್ಟು, ಎಂಟೋ ಹತ್ತೋ ದಿನ ಕೊಟ್ಟು, ಬದಲಾವಣೆ ಬೇಕೇ, ಯಾವುದು ಬೇಕು ಎಂಬುದನ್ನು ಅವರೇ ನಿರ್ಧರಿಸಲಿ. ಆಮೇಲೂ ಅವರು ದುರಂತವೇ ಸರಿ ಎಂದರೆ ನೀವು ಅವರ ಪರ ನಿಲ್ಲಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಎರಡು ಮನಸ್ಸಿನಿಂದ ಮುಗಿಸಿದ ಚಿತ್ರವನ್ನು ಎರಡೂ ಬಗೆಯ ಪ್ರೇಕ್ಷಕರು ಕೈಬಿಡುತ್ತಾರೆ.

ಪ್ರಶ್ನೆ: ನಮ್ಮ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡುವ ಪಾಲುದಾರರು ಪ್ರತಿಯೊಂದಕ್ಕೂ ಖರ್ಚು ಕಡಿಮೆ ಮಾಡಿ ಎನ್ನುತ್ತಾರೆ. ಕಡಿಮೆ ಖರ್ಚಿನಲ್ಲಿ ಮಾಡಿ ಮುಗಿಸುವುದು ಕಲೆಗೆ ಮಾಡುವ ದ್ರೋಹವಲ್ಲವೇ?

ಉತ್ತರ: ಅಲ್ಲ. ನಿಮ್ಮ ಪಾಲುದಾರರ ಮೇಲೆ ನೀವು ಇಷ್ಟು ಮುನಿಸಿಕೊಳ್ಳಬಾರದಿತ್ತು. ವಾಲ್ಟ್ ಡಿಸ್ನಿಯವರ ಹೆಸರಿನೊಂದಿಗೆ ಅವರ ಅಣ್ಣ ರಾಯ್ ಡಿಸ್ನಿಯವರನ್ನೂ ನೆನೆಯಬೇಕು. ತಮ್ಮನ ಕನಸುಗಳಿಗೆ ಬ್ಯಾಂಕಿನಲ್ಲಿ ಸಾಲ ಹುಟ್ಟಿಸುತ್ತಿದ್ದವರು ಅವರೇ. 1937ರ ‘ಸ್ನೋ ವೈಟ್’ ಚಿತ್ರಕ್ಕೆ ಆರಂಭದಲ್ಲಿ ಅಂದಾಜಿಸಿದ್ದು ಸುಮಾರು ಎರಡೂವರೆ ಲಕ್ಷ ಡಾಲರ್. ಮುಗಿಯುವ ಹೊತ್ತಿಗೆ ಆದದ್ದು ಸುಮಾರು 15 ಲಕ್ಷ. ಅದು ಅಪಾರ ಲಾಭ ತಂದಿತು. ಆ ಗೆಲುವಿನ ಬಲದಿಂದ ಇನ್ನೂ ಹೆಚ್ಚಿನ ವೆಚ್ಚದಲ್ಲಿ ತಯಾರಾದ ‘ಪಿನೋಕಿಯೋ’ ಮತ್ತು ‘ಫ್ಯಾಂಟೇಸಿಯಾ’ 1940ರಲ್ಲಿ ಬಿಡುಗಡೆಯಾದಾಗ, ಯುದ್ಧದಿಂದಾಗಿ ಯೂರೋಪಿನ ಮಾರುಕಟ್ಟೆ ಮುಚ್ಚಿಹೋಗಿದ್ದುದೂ ಸೇರಿ, ಎರಡೂ ಮೊದಲ ಸುತ್ತಿನಲ್ಲಿ ನಷ್ಟ ತಂದವು. ಕಲೆಯ ದೃಷ್ಟಿಯಿಂದ ಅವುಗಳಲ್ಲಿ ಕೊರತೆಯಿತ್ತೆಂದು ಯಾರೂ ಹೇಳಲಾರರು. ಸಂಸ್ಥೆಗೆ ಉಸಿರಾಡುವಂತಾದದ್ದು 1941ರಲ್ಲಿ, 64 ನಿಮಿಷಗಳ, 10 ಲಕ್ಷ ಡಾಲರ್‌ಗಿಂತ ಕಡಿಮೆ ಖರ್ಚಿನ ‘ಡಂಬೋ’ ಚಿತ್ರದಿಂದ. ಅದರ ಹಿನ್ನೆಲೆಗಳು ಸರಳವಾಗಿವೆ, ಪಾತ್ರಗಳ ಚಿತ್ರಣದಲ್ಲಿ ಹಿಂದಿನೆರಡು ಚಿತ್ರಗಳ ಸೂಕ್ಷ್ಮ ಕುಸುರಿಯಿಲ್ಲ. ಆದರೂ ಬಂಧನದಲ್ಲಿರುವ ತಾಯಾನೆ ಕಿಟಕಿಯ ಸರಳುಗಳ ನಡುವೆ ಸೊಂಡಿಲು ಚಾಚಿ ಮರಿಯನ್ನು ತೂಗುವ ದೃಶ್ಯವನ್ನು ಕಂಡು ಕಣ್ಣು ತೇವವಾಗದವರು ಕಡಿಮೆ. ಆ ದೃಶ್ಯಕ್ಕೆ ಬೇಕಾದದ್ದು ಏನೆಂದು ತಿಳಿದವರು ಉಳಿದುದನ್ನು ಬಿಟ್ಟರು.

ನಿಮ್ಮ ಪಾಲುದಾರರೊಂದಿಗೆ ಕುಳಿತು ಈ ಒಂದು ಲೆಕ್ಕ ಹಾಕಿ. ಚಿತ್ರಮಂದಿರದಲ್ಲಿ ಮಾರಾಟವಾದ ಟಿಕೆಟ್ಟಿನ ಹಣದಲ್ಲಿ ಸ್ಥೂಲವಾಗಿ ಅರ್ಧದಷ್ಟು ಪ್ರದರ್ಶಕರ ಪಾಲಾಗುತ್ತದೆ; ಉಳಿದುದರಲ್ಲಿ ವಿತರಕರ ಕಮಿಷನ್, ಪ್ರಚಾರದ ವೆಚ್ಚ ಕಳೆಯಬೇಕು. ಹಾಗಾಗಿ ತಯಾರಿಕೆಗೆ ನೂರು ಖರ್ಚಾಗಿದ್ದರೆ, ಕೌಂಟರಿನಲ್ಲಿ ಇನ್ನೂರು ಬಂದರೂ ನಷ್ಟವೇ. ಬಜೆಟ್ಟಿಗೆ ಸೇರಿಸುವ ಪ್ರತಿ ಹತ್ತಕ್ಕೂ ಇಪ್ಪತ್ತಕ್ಕಿಂತ ಹೆಚ್ಚು ಮೌಲ್ಯದ ಹೊಸ ಪ್ರೇಕ್ಷಕರನ್ನು ಕರೆತರಬೇಕಾಗುತ್ತದೆ, ಮತ್ತು ಆ ಹೊಸಬರನ್ನು ಮೆಚ್ಚಿಸಲೆಂದೇ ಕತೆಯನ್ನು ಮೆದುಗೊಳಿಸುವ ಒತ್ತಡ ಹುಟ್ಟುತ್ತದೆ. ಖರ್ಚು ಸಣ್ಣದಿದ್ದಷ್ಟೂ ನೀವು ಒಲಿಸಿಕೊಳ್ಳಬೇಕಾದ ಜನರ ಸಂಖ್ಯೆ ಸಣ್ಣದು. ಆದ್ದರಿಂದ ನಿಮ್ಮ ಧೈರ್ಯವನ್ನು ಕಾಯುತ್ತಿರುವವರು ಆ ಪಾಲುದಾರರೇ ಎಂದು ನಾನು ಭಾವಿಸುತ್ತೇನೆ.

ಪ್ರಶ್ನೆ: ನಮ್ಮ ಅನಿಮೇಷನ್ ಕಂಪನಿಯ ಶೇಕಡ 51ರಷ್ಟು ಷೇರು ಕೊಟ್ಟರೆ ದೊಡ್ಡ ಮೊತ್ತ ಹೂಡುವುದಾಗಿ ಒಬ್ಬರು ಮುಂದೆ ಬಂದಿದ್ದಾರೆ. ಕಲಾತ್ಮಕ ವಿಷಯಗಳಲ್ಲಿ ತಲೆ ಹಾಕುವುದಿಲ್ಲವೆಂದು ಮಾತು ಕೊಟ್ಟಿದ್ದಾರೆ. ಒಪ್ಪಬಹುದೇ?

ಉತ್ತರ: ಬಾಯಿಮಾತಿನ ಭರವಸೆಯನ್ನು ನಂಬಿ ಒಪ್ಪಬೇಡಿ. ಅವರು ಸಜ್ಜನರೇ ಇರಬಹುದು. ನಾಳೆ ಅವರು ತಮ್ಮ ಷೇರನ್ನು ಇನ್ನೊಬ್ಬರಿಗೆ ಮಾರಿದರೆ ಆ ಮಾತು ಷೇರಿನ ಜೊತೆಗೆ ಹೋಗುವುದಿಲ್ಲ. ಒಂದು ಚಿತ್ರಕ್ಕೆ ಹಣ ಪಡೆಯುವುದು ಬೇರೆ, ಕಂಪನಿಯ ಒಡೆತನವನ್ನು ಬಿಟ್ಟುಕೊಡುವುದು ಬೇರೆ. ಮೊದಲನೆಯದರಲ್ಲಿ ಆ ಚಿತ್ರದ ಲಾಭವನ್ನು ಹಂಚಿಕೊಂಡು ಋಣ ತೀರಿಸಿಕೊಳ್ಳಬಹುದು. ಎರಡನೆಯದರಲ್ಲಿ ನೀವು ಇನ್ನೂ ಕಲ್ಪಿಸಿಕೊಂಡಿರದ ಚಿತ್ರಗಳ ಮೇಲೂ ಅವರ ಮಾತು ನಡೆಯುತ್ತದೆ.

ನಿರ್ದೇಶಕ ಜಾರ್ಜ್ ಲ್ಯೂಕಾಸ್ ‘ಸ್ಟಾರ್ ವಾರ್ಸ್’ (1977) ಚಿತ್ರದ ಒಪ್ಪಂದದಲ್ಲಿ ಹೆಚ್ಚಿನ ಸಂಭಾವನೆಗೆ ಜಗ್ಗಾಡುವ ಬದಲು ಮುಂದುವರಿದ ಭಾಗಗಳ ಮತ್ತು ಆಟಿಕೆ ಮುಂತಾದ ಸರಕುಗಳ ಹಕ್ಕನ್ನು ಕೇಳಿ ಪಡೆದರು. ಸ್ಟುಡಿಯೋದವರಿಗೆ ಆಗ ಅದು ದೊಡ್ಡ ಆಸ್ತಿಯೆಂದು ತೋರಿರಲಿಲ್ಲ. ಮುಂದಿನ ಚಿತ್ರವನ್ನು ಅವರು ಸ್ವಂತ ಗಳಿಕೆ ಮತ್ತು ಬ್ಯಾಂಕ್ ಸಾಲದಿಂದಲೇ ತಯಾರಿಸುವಂತಾಯಿತು. ಪಿಕ್ಸಾರ್‌ನ ಮೊದಲ ಒಪ್ಪಂದದಲ್ಲಿ ಖರ್ಚು ಡಿಸ್ನಿಯದು, ಲಾಭದ ಸಿಂಹಪಾಲೂ ಡಿಸ್ನಿಯದೇ. 1995ರಲ್ಲಿ ಷೇರುಪೇಟೆಯಿಂದ ಹಣ ಎತ್ತಿದ ಮೇಲೆ ಅರ್ಧ ಖರ್ಚು ತಾನೇ ಭರಿಸುವ ಶಕ್ತಿ ಬಂದುದರಿಂದ, 1997ರಲ್ಲಿ ಸಮಪಾಲಿನ ಹೊಸ ಒಪ್ಪಂದ ಸಾಧ್ಯವಾಯಿತು. ನಿಮ್ಮ ಪಾತ್ರಗಳ ಹಕ್ಕು ನಿಮ್ಮಲ್ಲಿರಲಿ, ಮತದಾನದ ಬಹುಮತ ನಿಮ್ಮಲ್ಲಿರಲಿ. ಅದಕ್ಕಾಗಿ ಹಣ ಕಡಿಮೆ ಬಂದರೂ ಚಿಂತೆಯಿಲ್ಲ.

ಹೂಡಿಕೆದಾರರು ಎಷ್ಟು ವರ್ಷದಲ್ಲಿ ಹಣ ವಾಪಸು ನಿರೀಕ್ಷಿಸುತ್ತಾರೆಂದು ತಪ್ಪದೆ ಕೇಳಿ. ಜಪಾನಿನ ಅನಿಮೇಷನ್ ಸಂಸ್ಥೆಯಾದ ಘಿಬ್ಲಿ ಸ್ಟುಡಿಯೋದ ‘ಟೊಟೊರೊ’ 1988ರಲ್ಲಿ ತೆರೆಕಂಡಾಗ ಚಿತ್ರಮಂದಿರಗಳಲ್ಲಿ ಅಂಥ ಗಳಿಕೆಯಾಗಲಿಲ್ಲ. ಸುಮಾರು ಎರಡು ವರ್ಷದ ನಂತರ ಮಾರುಕಟ್ಟೆಗೆ ಬಂದ ಮೆತ್ತನೆಯ ಬೊಂಬೆಗಳು ಸ್ಟುಡಿಯೋದ ಖರ್ಚಿಗೆ ಒದಗಿಬಂದವು. ಚಿತ್ರದ ಟೊಟೊರೊ ಎಂಬ ಆ ಕಾಲ್ಪನಿಕ ಪ್ರಾಣಿಯೇ ಇಂದು ಸಂಸ್ಥೆಯ ಲಾಂಛನ. ಮೊದಲ ವಾರದ ಲೆಕ್ಕ ನೋಡಿ ತೀರ್ಪು ಕೊಡುವ ಒಡೆಯರ ಕೈಯಲ್ಲಿ ಇಂಥ ಕೃತಿಗೆ ಕಾಲಾವಕಾಶ ಸಿಗುವುದು ಕಷ್ಟ.

ಪ್ರಶ್ನೆ: ಗೆದ್ದ ಕೃತಿಯ ಎರಡನೆಯ ಭಾಗ ತೆಗೆಯುವುದು ಕೇವಲ ಹಣದಾಸೆಯಲ್ಲವೇ?

ಉತ್ತರ: ಹೇಳಲು ಹೊಸ ಕತೆಯಿದ್ದರೆ ಅಲ್ಲ. ಇಲ್ಲದಿದ್ದರೆ ಹೌದು, ಮತ್ತು ಪ್ರೇಕ್ಷಕರಿಗೆ ಅದು ಬೇಗ ತಿಳಿದುಬಿಡುತ್ತದೆ.

ಪ್ರಶ್ನೆ: ನಾನು ಒಂದು ಅನಿಮೇಷನ್ ಸ್ಟುಡಿಯೋದ ನೌಕರ. ಮಾಲೀಕರು ಸ್ವತಃ ಶ್ರೇಷ್ಠ ಕಲಾವಿದರು, ಲಾಭಕ್ಕೆ ಆಸೆಪಟ್ಟವರಲ್ಲ. ಆದರೆ ಬಿಡುಗಡೆಗೆ ಮುನ್ನ ತಿಂಗಳುಗಟ್ಟಲೆ ರಾತ್ರಿಯೂ ದುಡಿಸುತ್ತಾರೆ, ಸಂಬಳ ತಡವಾಗುತ್ತದೆ. ಕೇಳಿದರೆ ನಮಗೆ ಕಲೆಯ ಮೇಲೆ ಪ್ರೀತಿಯಿಲ್ಲ ಎನ್ನುತ್ತಾರೆ. ನಾನು ತಪ್ಪು ಮಾಡುತ್ತಿದ್ದೇನೆಯೇ?

ಉತ್ತರ: ನೀವು ಯಾವ ತಪ್ಪೂ ಮಾಡಿಲ್ಲ. ನಿಮ್ಮ ಪತ್ರ ಓದಿ ನನಗೆ ಬಹಳ ಸಂಕಟವಾಯಿತು, ಏಕೆಂದರೆ ಲಾಭಕ್ಕಾಗಿ ನೌಕರರನ್ನು ಹಿಂಡುವ ಮಾಲೀಕರನ್ನು ಎಲ್ಲರೂ ಖಂಡಿಸುತ್ತಾರೆ. ಆದರೆ ಕಲೆಯ ಹೆಸರಿನಲ್ಲಿ ಅದನ್ನೇ ಮಾಡುವವರಿಗೆ ನಾವು ಕೈಮುಗಿಯುತ್ತೇವೆ. ಸಂಬಳ ತಡವಾದಾಗ, ಒಪ್ಪಿಗೆಯಿಲ್ಲದೆಯೇ ನೀವೆಲ್ಲ ಆ ಚಿತ್ರಕ್ಕೆ ಸಾಲ ಕೊಟ್ಟಂತಾಗುತ್ತದೆ. ಬೇರೆ ಹೂಡಿಕೆದಾರರಿಗೆ ಬಡ್ಡಿಯೋ ಪಾಲೋ ಸಿಗುತ್ತದೆ, ನಿಮಗೆ ಸಿಗುವುದು ಬೈಗುಳ.

‘ಟಾಯ್ ಸ್ಟೋರಿ 2’ (1999) ಚಿತ್ರದ ಗುಣಮಟ್ಟ ತೃಪ್ತಿಕರವಾಗಿಲ್ಲವೆಂದು ಪಿಕ್ಸಾರ್ ಸುಮಾರು ಒಂಬತ್ತು ತಿಂಗಳಲ್ಲಿ ಅದನ್ನು ಬಹುಮಟ್ಟಿಗೆ ಹೊಸದಾಗಿ ಕಟ್ಟಿತು. ಚಿತ್ರ ದೊಡ್ಡ ಯಶಸ್ಸು ಕಂಡಿತು. ಆದರೆ ಅವಿರತ ದುಡಿಮೆಯಿಂದ ನೌಕರರಲ್ಲಿ ಅನೇಕರ ಕೈಗಳೂ ಮಣಿಕಟ್ಟುಗಳೂ ನೋವಿಗೆ ತುತ್ತಾದವು, ಮತ್ತು ಜನರನ್ನು ಹಾಗೆ ದಣಿಸುವುದು ಇನ್ನು ಕೂಡದೆಂದು ಸಂಸ್ಥೆಯ ಮುಖ್ಯಸ್ಥರಾಗಿದ್ದ ಎಡ್ ಕ್ಯಾಟ್ಮಲ್ ಅವರೇ ಮುಂದೆ ಬರೆದರು. ಇನ್ನೂ ಹಿಂದೆ, 1941ರ ಮೇ ತಿಂಗಳಲ್ಲಿ ಡಿಸ್ನಿಯ ನೂರಾರು ಕಲಾವಿದರು ಮುಷ್ಕರ ಹೂಡಿದಾಗಲೂ ಸಂಬಳದ ತಾರತಮ್ಯ ಮತ್ತು ತೆರೆಯ ಮೇಲೆ ಹೆಸರು ಬಾರದಿರುವುದು ಅವರ ಅಳಲಿನಲ್ಲಿ ಸೇರಿದ್ದವು. ಕೊನೆಗೆ ಸಂಸ್ಥೆ ಅವರ ಸಂಘಕ್ಕೆ ಮಾನ್ಯತೆ ಕೊಡಬೇಕಾಯಿತು. ಆ ಮುಷ್ಕರನಿರತರಿಗೆ ಕಲೆಯ ಮೇಲೆ ಪ್ರೀತಿಯಿರಲಿಲ್ಲವೆಂದು ಹೇಳುವವರು, ಅವರು ಬಿಡಿಸಿದ ಚಿತ್ರಗಳನ್ನು ಒಮ್ಮೆ ನೋಡಬೇಕು.

ದುಡಿದ ಗಂಟೆಗಳನ್ನು ದಿನವಹಿ ಬರೆದಿಡಿ. ಬಾಕಿ ಸಂಬಳವನ್ನು ಒಬ್ಬರೇ ಕೇಳದೆ, ಸಹೋದ್ಯೋಗಿಗಳೊಂದಿಗೆ ಸೇರಿ, ಲಿಖಿತವಾಗಿ, ದಿನಾಂಕ ನಮೂದಿಸಿ ಕೇಳಿ. ಮಾಲೀಕರಿಗೆ ನಿಜಕ್ಕೂ ಹಣದ ಅಡಚಣೆಯಿದ್ದರೆ, ಬಾಕಿಗೆ ಬದಲಾಗಿ ಚಿತ್ರದ ಆದಾಯದಲ್ಲಿ ಪಾಲು ಬರೆದುಕೊಡಲು ಸಿದ್ಧರಿದ್ದಾರೆಯೇ ಎಂದು ವಿಚಾರಿಸಿ. ಅದಕ್ಕೂ ಒಪ್ಪದಿದ್ದರೆ ಬೇರೆ ಕಡೆ ಕೆಲಸ ಹುಡುಕಲು ಹಿಂಜರಿಯಬೇಡಿ. ಉಳಿಯುವುದಾದರೆ, ಮುಂದಿನ ಚಿತ್ರದ ವೇಳಾಪಟ್ಟಿ ತಯಾರಾಗುವಾಗಲೇ ಪ್ರತಿ ದೃಶ್ಯಕ್ಕೆ ಎಷ್ಟು ಜನ, ಎಷ್ಟು ದಿನ ಎಂಬುದನ್ನು ನಿಮ್ಮ ವಿಭಾಗದವರನ್ನು ಕೇಳಿ ಬರೆಯಬೇಕೆಂದು ಒತ್ತಾಯಿಸಿ, ಮತ್ತು ಆ ಪಟ್ಟಿಯ ಒಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.